ಮೈಸೂರು ನಗರಮಧ್ಯದ ನಿರ್ಮಾಣ: ಒಂದು ಚಾರಿತ್ರಿಕ ಅವಲೋಕನ

ನೂರು ವರ್ಷಗಳನ್ನು ಪೂರೈಸಿದ ದೇವಾಲಯದ ಸ್ಮರಣ ಸಂಚಿಕೆಯಲ್ಲಿ ನಗರದ ಬೀದಿ, ಮಾರುಕಟ್ಟೆ, ಗಡಿಯಾರ ಗೋಪುರಗಳ ಚರಿತ್ರೆಗೆ ಸ್ಥಳವೇಕೆಂದು ವಾಚಕರಲ್ಲಿ ಕೆಲವರು ಕೇಳಬಹುದು. ದೇವಾಲಯವು ಊರಿನಿಂದ ಬೇರೆಯಾಗಿ ನಿಂತದ್ದಲ್ಲವೆಂಬುದೇ ಇದಕ್ಕೆ ಉತ್ತರ. ಊರಿನ ಮಾರುಕಟ್ಟೆಯನ್ನು ಕಟ್ಟಿದ ಗಾರೆ ಕೆಲಸದವರ ಕೈಗಳೇ ದೇವಾಲಯದ ಗೋಡೆಗಳನ್ನೂ ಎತ್ತಿದವು. ಊರಿಗೆ ಬಂದ ಕಷ್ಟಕಾರ್ಪಣ್ಯಗಳು ದೇವಾಲಯದ ಬಾಗಿಲಿಗೂ ಬಂದವು. ಶತಮಾನೋತ್ಸವದ ಸಂದರ್ಭದಲ್ಲಿ ನಮ್ಮ ಹಳೆಯ ದೇವಾಲಯವನ್ನು ದುರಸ್ತಿ ಮಾಡಿಸಬೇಕೆ, ಇಲ್ಲವೆ ಕೆಡವಿ ಅದೇ ಸ್ಥಳದಲ್ಲಿ ಕಾಂಕ್ರೀಟಿನ ವಿಶಾಲವಾದ ಕಟ್ಟಡವನ್ನು ಎಬ್ಬಿಸಬೇಕೆ ಎಂಬ ಪ್ರಶ್ನೆಯು ನಮ್ಮ ಸಭಾಜನರ ಮುಂದಿದೆ. ಇದೇ ಪ್ರಶ್ನೆಯನ್ನು ಮೈಸೂರು ನಗರವು ತನ್ನ ನಡುಪೇಟೆಯಲ್ಲಿಯೇ ಎದುರಿಸಿದೆ. ಆದುದರಿಂದ ಮೊದಲು ನಗರದ ಚರಿತ್ರೆಯನ್ನು ಅರಿತು, ಅನಂತರ ನಮ್ಮ ನಿರ್ಧಾರಕ್ಕೆ ಬರುವುದು ವಿವೇಕವೆಂದು ನಾನು ಭಾವಿಸುತ್ತೇನೆ.

ಕೆಡವಿದ ಕಲ್ಲು ಮರಳಿ ಬಂದದ್ದು

ಮೈಸೂರಿನ ಚರಿತ್ರೆಯಲ್ಲಿ ಕೆಡವುವುದೂ ಕಟ್ಟುವುದೂ ಹೊಸದಲ್ಲ. ಟಿಪ್ಪು ಸುಲ್ತಾನನು ಮೈಸೂರಿನ ಹಳೆಯ ಕೋಟೆಯನ್ನು ಕೆಡವಿಸಿ, ಅದರ ಕಲ್ಲುಗಳನ್ನು ಪೂರ್ವದ ದಿಬ್ಬಕ್ಕೆ ಸಾಗಿಸಿ, ನಜರಾಬಾದ್ ಎಂಬ ಹೊಸ ಕೋಟೆಯನ್ನು ಕಟ್ಟಲು ಆರಂಭಿಸಿದನು. 1799ರಲ್ಲಿ ಶ್ರೀರಂಗಪಟ್ಟಣವು ಪತನಗೊಂಡು, ಐದು ವರ್ಷದ ಬಾಲಕರಾಗಿದ್ದ ಮುಮ್ಮಡಿ ಕೃಷ್ಣರಾಜ ಒಡೆಯರಿಗೆ ಪಟ್ಟಾಭಿಷೇಕವಾದಾಗ ರಾಜಧಾನಿಯು ಮತ್ತೆ ಮೈಸೂರಿಗೆ ಬಂದಿತು. ಅದೇ ಕಲ್ಲುಗಳು ನಜರಾಬಾದಿನಿಂದ ಹಿಂದಿರುಗಿ ಬಂದು ಹಳೆಯ ಕೋಟೆಯ ಪುನರ್ನಿರ್ಮಾಣಕ್ಕೆ ಒದಗಿದವು. ಕೆಡವುವವನ ಕಣ್ಣಿಗೆ ಬೇಡವಾಗಿ ಕಂಡ ವಸ್ತುವೇ ಕೆಲವು ವರ್ಷಗಳೊಳಗೆ ಮರಳಿ ಬೇಕಾದೀತೆಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ನಿದರ್ಶನ ಬೇಕಿಲ್ಲ.

1831ರಲ್ಲಿ ಆಡಳಿತವು ಬ್ರಿಟಿಷರ ಕೈಗೆ ಹೋಗಿ, ಬೆಂಗಳೂರು ಅಧಿಕಾರದ ಕೇಂದ್ರವಾಯಿತು. ಐವತ್ತು ವರ್ಷಗಳ ಕಾಲ ಮೈಸೂರು ಅರಸರು ವಾಸಿಸುವ ಊರಾಗಿ ಮಾತ್ರ ಉಳಿಯಿತು. 1881ರಲ್ಲಿ ರಾಜ್ಯವು ಮರಳಿ ಒಡೆಯರ ವಶಕ್ಕೆ ಬಂದ ಮೇಲೆಯೇ ಇಂದು ನಾವು ಕಾಣುವ ನಗರಮಧ್ಯವು ರೂಪ ತಾಳತೊಡಗಿತು.

ನಾಲೆ ರಸ್ತೆಯಾದುದು

ದಿವಾನ್ ಪೂರ್ಣಯ್ಯನವರು ಕಾವೇರಿಯ ನೀರನ್ನು ನಗರಕ್ಕೆ ತರಲೆಂದು ಆಳವಾದ ನಾಲೆಯೊಂದನ್ನು ತೋಡಿಸಿದ್ದರು. ಆ ಯತ್ನವು ಫಲಿಸಲಿಲ್ಲ. ನಾಲೆ ಮಾತ್ರ ಪೂರ್ಣಯ್ಯ ನಾಲೆ ಎಂಬ ಹೆಸರಿನಿಂದ ಊರಿನ ನಡುವೆ ದೊಡ್ಡ ಹಳ್ಳವಾಗಿ ಉಳಿದುಬಿಟ್ಟಿತು. 19ನೆಯ ಶತಮಾನದ ಕೊನೆಯ ದಶಕಗಳಲ್ಲಿ ಆ ಹಳ್ಳವನ್ನು ಮುಚ್ಚಿಸಿ, ಅದರ ಮೇಲೆ ವಿಶಾಲವಾದ ರಾಜಮಾರ್ಗವನ್ನು ನಿರ್ಮಿಸಿ, ಇಕ್ಕೆಲಗಳಲ್ಲಿಯೂ ಅಂಗಡಿಗಳ ಸಾಲನ್ನು ಕಟ್ಟಿಸಲಾಯಿತು. ಅದೇ ಇಂದಿನ ಸಯ್ಯಾಜಿರಾವ್ ರಸ್ತೆ. ವಿಫಲವಾದ ಕಾರ್ಯವೊಂದರ ಮೇಲೆ ನಗರದ ಮುಖ್ಯ ಬೀದಿಯು ಮೂಡಿದ್ದು ಗಮನಾರ್ಹ ಸಂಗತಿಯಾಗಿದೆ.

ಆ ಬೀದಿಯ ಸುತ್ತಮುತ್ತ ಒಂದಾದ ಮೇಲೊಂದರಂತೆ ಕಟ್ಟಡಗಳೆದ್ದವು. 1883ರಲ್ಲಿ ನಿಧನರಾದ ದಿವಾನ್ ರಂಗಾಚಾರ್ಲು ಅವರ ಸ್ಮರಣಾರ್ಥ ಪುರಭವನವು ನಿರ್ಮಾಣವಾಯಿತು. 1886ರಲ್ಲಿ ವೈಸರಾಯ್ ಡಫರಿನ್ ಅವರ ಭೇಟಿಯ ನೆನಪಿಗಾಗಿ ಎದ್ದ ಗೋಪುರವನ್ನು ಜನರು ಚಿಕ್ಕ ಗಡಿಯಾರವೆಂದು ಕರೆದರು. ಅದರ ಬಳಿಯಲ್ಲಿಯೇ ದೇವರಾಜ ಮಾರುಕಟ್ಟೆಯು ತನ್ನ ಈಗಿನ ಸ್ವರೂಪವನ್ನು ಪಡೆಯಿತು. 1892ರಲ್ಲಿ ವೈಸರಾಯ್ ಲ್ಯಾನ್ಸ್‌ಡೌನ್ ಅವರ ಹೆಸರಿನಲ್ಲಿ ಇನ್ನೊಂದು ಉದ್ದನೆಯ ಅಂಗಡಿ ಕಟ್ಟಡವು ಸಿದ್ಧವಾಯಿತು. 1927ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ ಆಳ್ವಿಕೆಯ ಬೆಳ್ಳಿಹಬ್ಬಕ್ಕೆ 75 ಅಡಿ ಎತ್ತರದ ದೊಡ್ಡ ಗಡಿಯಾರವು ನಿಂತಿತು.

ಬೆಂಕಿ ಮತ್ತು ಪ್ಲೇಗು

ನಗರದ ನಿರ್ಮಾಣಕ್ಕೆ ಹೊಸ ಶಿಸ್ತನ್ನು ತಂದುಕೊಟ್ಟದ್ದು ವೈಭವವಲ್ಲ, ಎರಡು ವಿಪತ್ತುಗಳು. 1897ರಲ್ಲಿ ರಾಜಕುಮಾರಿ ಜಯಲಕ್ಷಮ್ಮಣ್ಣಿಯವರ ವಿವಾಹದ ಸಮಯದಲ್ಲಿ ಮರದ ಹಳೆಯ ಅರಮನೆಯು ಬೆಂಕಿಗೆ ತುತ್ತಾಯಿತು. ಹೊಸ ಅರಮನೆಯ ನಕ್ಷೆಯನ್ನು ಹೆನ್ರಿ ಇರ್ವಿನ್ ಅವರು ರಚಿಸಿದರು. 1912ರಲ್ಲಿ ಮುಗಿದ ಆ ಕಾರ್ಯಕ್ಕೆ 41 ಲಕ್ಷಕ್ಕೂ ಹೆಚ್ಚು ರೂಪಾಯಿ ವೆಚ್ಚವಾಯಿತು. ಹಳೆಯ ಅರಮನೆಯ ವಿನ್ಯಾಸವನ್ನು ನೆನಪಿನಲ್ಲಿಟ್ಟುಕೊಂಡೇ, ಮತ್ತೆ ಬೆಂಕಿಗೆ ಆಹುತಿಯಾಗದಂತೆ ಕಲ್ಲು, ಇಟ್ಟಿಗೆ, ಕಬ್ಬಿಣಗಳನ್ನು ಧಾರಾಳವಾಗಿ ಬಳಸಲಾಯಿತು. ಕಲ್ಯಾಣ ಮಂಟಪದ ಕಂಬಗಳು ಗ್ಲಾಸ್ಗೋ ನಗರದಲ್ಲಿ ಎರಕಗೊಂಡು ಬಂದವು. ಹಳೆಯದರ ಗೌರವ ಮತ್ತು ಹೊಸದರ ಸುರಕ್ಷತೆ ಇವೆರಡೂ ಒಂದೇ ಕಟ್ಟಡದಲ್ಲಿ ಕೂಡಿ ಬಾಳಬಲ್ಲವೆಂಬುದನ್ನು ಈ ಅರಮನೆ ತೋರಿಸಿದೆ.

ಎರಡನೆಯ ವಿಪತ್ತು ಪ್ಲೇಗು. ಗಾಳಿ ಬೆಳಕಿಲ್ಲದ ಇಕ್ಕಟ್ಟಿನ ಮನೆಗಳಲ್ಲಿ ಆ ಮಹಾಮಾರಿಯು ತಾಂಡವವಾಡಿತು. 1901ರ ಜನಗಣತಿಯ ವೇಳೆಗೆ ನಗರದ ಜನಸಂಖ್ಯೆ ಹತ್ತು ವರ್ಷ ಹಿಂದಿನದಕ್ಕಿಂತ ಕುಗ್ಗಿ ಸುಮಾರು 68 ಸಾವಿರಕ್ಕೆ ಇಳಿದಿತ್ತು. 1903ರಲ್ಲಿ ನಗರಾಭಿವೃದ್ಧಿ ವಿಶ್ವಸ್ತ ಮಂಡಳಿಯು ಸ್ಥಾಪಿತವಾಯಿತು. ಇಕ್ಕಟ್ಟಾದ ಕೇರಿಗಳನ್ನು ಬಿಡಿಸಿ, ಅಗಲವಾದ ರಸ್ತೆ, ಚರಂಡಿ, ಸಂರಕ್ಷಣೆಯ ಓಣಿಗಳೊಡನೆ ಹೊಸ ಬಡಾವಣೆಗಳನ್ನು ಹರಡಲಾಯಿತು. 1908ರಲ್ಲಿ ಶಿವನಸಮುದ್ರದ ವಿದ್ಯುತ್ತು ಬೀದಿಗಳನ್ನು ಬೆಳಗಿತು. ಹೀಗೆ ಮೈಸೂರಿನ ಅಂದಕ್ಕೆ ಆರೋಗ್ಯವೇ ಅಡಿಪಾಯವಾಯಿತು. ಕಟ್ಟಡದ ಗುಣವೆಂದರೆ ಅದರ ಮುಖದ ಅಲಂಕಾರ ಮಾತ್ರವಲ್ಲ. ಅದರೊಳಗೆ ಇರುವವನ ಪ್ರಾಣಕ್ಕೆ ಅದು ಕೊಡುವ ರಕ್ಷಣೆಯೂ ಹೌದು.

ನಗರಮಧ್ಯದ ಗುಣಗಳು

ಈ ನಿರ್ಮಾಣದಲ್ಲಿ ಮೂರು ಗುಣಗಳನ್ನು ಎತ್ತಿ ಹೇಳಬಹುದು. ಮೊದಲನೆಯದು ಅಳತೆ. ಅರಮನೆಯ ಗೋಪುರ 145 ಅಡಿ ಎತ್ತರದ್ದು. ಪೇಟೆಯ ಅಂಗಡಿಗಳು ಅದಕ್ಕೆ ಸ್ಪರ್ಧಿಯಾಗಿ ನಿಲ್ಲಲಿಲ್ಲ. ಎರಡನೆಯದು ಹೊಂದಾಣಿಕೆ. ಸಾಲಿನಲ್ಲಿರುವ ಒಂದೊಂದು ಅಂಗಡಿಯೂ ಪಕ್ಕದ ಅಂಗಡಿಯ ಮುಖವನ್ನು ಮನ್ನಿಸಿ ನಿಂತಿತು. ಕಮಾನು, ಕಂಬ, ಪಡಸಾಲೆಗಳು ಒಂದೇ ಲಯದಲ್ಲಿ ಸಾಗಿದವು. ಮೂರನೆಯದು ಸರ್ವರಿಗೂ ತೆರೆದ ಬಾಗಿಲು. ವೀಳ್ಯದೆಲೆ ಮಾರುವ ಬಡ ಹೆಂಗಸಿಗೂ, ಹೂವು ಕೊಳ್ಳಲು ಬಂದ ಸಿರಿವಂತರಿಗೂ ದೇವರಾಜ ಮಾರುಕಟ್ಟೆಯ ಹಾದಿ ಒಂದೇ ಆಗಿತ್ತು. ಈ ಎಲ್ಲವೂ ಅರಸರ ಅಪ್ಪಣೆಯಿಂದ ಆದುದೆಂಬುದು ನಿಜ. ಆದರೆ ಅಪ್ಪಣೆಯ ಕಾಲ ಮುಗಿದ ಮೇಲೆ, ಅದೇ ಸಂಯಮವನ್ನು ಪ್ರಜೆಗಳು ಸ್ವಇಚ್ಛೆಯಿಂದ ಪಾಲಿಸಬೇಕಾಗುತ್ತದೆ. ಅದು ಅಪ್ಪಣೆಯನ್ನು ಪಾಲಿಸುವುದಕ್ಕಿಂತ ಕಠಿಣವಾದ ಕಾರ್ಯ.

ನಮ್ಮ ಕ್ರೈಸ್ತ ಸಭೆಯೂ ಈ ನಿರ್ಮಾಣದಲ್ಲಿ ಭಾಗಿಯಾಗಿದೆ. ಮುಮ್ಮಡಿಯವರ ಕಾಲದಲ್ಲಿ, 1843ರಲ್ಲಿ, ಚಿಕ್ಕದೊಂದು ದೇವಾಲಯವು ಕಟ್ಟಲ್ಪಟ್ಟ ನೆಲದಲ್ಲಿಯೇ 1933ರ ಅಕ್ಟೋಬರ್ 28ರಂದು ನಾಲ್ವಡಿಯವರು ಸಂತ ಫಿಲೋಮಿನಾ ದೇವಾಲಯಕ್ಕೆ ಅಸ್ತಿಭಾರದ ಶಿಲೆಯನ್ನಿಟ್ಟರು. ಹಿಂದೂ ಧರ್ಮನಿಷ್ಠರಾದ ಅರಸರು ಕ್ರೈಸ್ತ ದೇವಾಲಯದ ಕಾರ್ಯಕ್ಕೆ ಕೈನೀಡಿದ ಆ ಘಟನೆಯನ್ನು ನಮ್ಮ ಸಭೆಯು ಕೃತಜ್ಞತೆಯಿಂದ ಸ್ಮರಿಸುತ್ತದೆ. ಗಾಥಿಕ್ ಶೈಲಿಯ ಆ ದೇವಾಲಯಕ್ಕೆ ಜರ್ಮನಿಯ ಕೊಲೋನ್ ನಗರದ ಮಹಾದೇವಾಲಯವು ಸ್ಫೂರ್ತಿಯೆನ್ನುತ್ತಾರೆ. ಅದರ ಅವಳಿ ಶಿಖರಗಳು 175 ಅಡಿ ಎತ್ತರದವು. 1248ರಲ್ಲಿ ಆರಂಭವಾದ ಕೊಲೋನಿನ ದೇವಾಲಯವು ಮುಗಿದದ್ದು 1880ರಲ್ಲಿ. ನಡುವೆ ಶತಮಾನಗಳ ಕಾಲ ಕೆಲಸವು ನಿಂತೇ ಹೋಗಿತ್ತು. ಆದರೂ ಅರ್ಧಕ್ಕೆ ನಿಂತದ್ದನ್ನು ಕೆಡವಿಬಿಡೋಣವೆಂದು ಆ ಜನರು ನಿರ್ಧರಿಸಲಿಲ್ಲ.

ಕುಸಿತದ ವರ್ಷಗಳು

2012ರ ಆಗಸ್ಟ್ ತಿಂಗಳಿನಲ್ಲಿ ಲ್ಯಾನ್ಸ್‌ಡೌನ್ ಕಟ್ಟಡದ ಒಂದು ಭಾಗವು ಕುಸಿದು ನಾಲ್ವರು ಪ್ರಾಣ ಕಳೆದುಕೊಂಡರು. 2016ರ ಆಗಸ್ಟ್‌ನಲ್ಲಿ ದೇವರಾಜ ಮಾರುಕಟ್ಟೆಯ ಒಂದು ಭಾಗವು ನೆಲಕ್ಕುರುಳಿತು. 2022ರ ಅಕ್ಟೋಬರ್‌ನಲ್ಲಿ ಮಹಾರಾಣಿ ವಿಜ್ಞಾನ ಕಾಲೇಜಿನ ಹಳೆಯ ಕಟ್ಟಡದ ಭಾಗವೊಂದು ಕುಸಿಯಿತು. ಇವನ್ನು ಕೆಡವಿ ಹೊಸದಾಗಿ ಕಟ್ಟಬೇಕೆಂದು ಕೆಲವು ತಜ್ಞರೂ, ದುರಸ್ತಿ ಮಾಡಿ ಉಳಿಸಬಹುದೆಂದು ಇನ್ನು ಕೆಲವು ತಜ್ಞರೂ ವಾದಿಸಿದರು. ಮಾರುಕಟ್ಟೆಯ ವಿವಾದವು ನ್ಯಾಯಾಲಯದ ಮೆಟ್ಟಿಲನ್ನೂ ಏರಿತು.

ನಾಲ್ವರ ಸಾವಿನ ಮುಂದೆ ಯಾವ ಕಮಾನಿನ ಚೆಲುವೂ ದೊಡ್ಡದಲ್ಲ. ಹಳೆಯದೆಂಬ ಒಂದೇ ಕಾರಣಕ್ಕಾಗಿ ಅಪಾಯದ ಗೋಡೆಯನ್ನು ಪೂಜಿಸುವುದು ಧರ್ಮವಲ್ಲ. ಆದರೆ ಆ ಗೋಡೆಯು ಅಪಾಯದ ಗೋಡೆಯಾದುದು ಹೇಗೆಂಬುದನ್ನು ವಿಚಾರಿಸದೆ ಕೆಡವಿ ಕೈತೊಳೆದುಕೊಳ್ಳುವುದೂ ಧರ್ಮವಲ್ಲ.

ಹಳೆಯ ಕಾಲದ ಗೋಡೆಗಳು ಇಟ್ಟಿಗೆ ಮತ್ತು ಸುಣ್ಣದ ಗಾರೆಯಿಂದಾದವು. ಸುಣ್ಣ, ಮರಳುಗಳನ್ನು ಅರೆದು, ಬೆಲ್ಲ ಅಳಲೆಕಾಯಿಗಳ ನೀರನ್ನು ಬೆರೆಸಿ ಗಾರೆಯನ್ನು ಹದಗೊಳಿಸುತ್ತಿದ್ದರು. ಮಾಡು ಮಂಗಳೂರು ಹಂಚಿನದು. ಇಲ್ಲವೆ ತೇಗದ ತೊಲೆಗಳ ಮೇಲೆ ಇಟ್ಟಿಗೆಗಳನ್ನು ನಿಲ್ಲಿಸಿ ಸುಣ್ಣದ ಗಾರೆ ಹಾಕಿದ ಮದ್ರಾಸ್ ತಾರಸಿ. ಇಂಥ ಗೋಡೆಯು ಮಳೆಗಾಲದಲ್ಲಿ ತೇವವನ್ನು ಹೀರಿ, ಬಿಸಿಲಿನಲ್ಲಿ ಹೊರಬಿಡುತ್ತದೆ. ಅದರ ಮೇಲೆ ಸಿಮೆಂಟು ಬಳಿದರೆ ತೇವವು ಹೊರಹೋಗಲಾರದೆ ಒಳಗೇ ನಿಂತು ಗಾರೆಯನ್ನು ಕರಗಿಸುತ್ತದೆ. ಒಡೆದ ಒಂದು ಹಂಚನ್ನು ಬದಲಾಯಿಸದಿದ್ದರೆ ತೊಲೆಯ ತುದಿ ಕೊಳೆಯುತ್ತದೆ. ಕಾರಂಜಿಯಂತೆ ಸೋರುವ ನೀರಿನ ಕೊಳವೆಯನ್ನು ಸರಿಪಡಿಸದಿದ್ದರೆ ಅಡಿಪಾಯದ ಮಣ್ಣು ಸಡಿಲವಾಗುತ್ತದೆ. ಬಿರುಕಿನಲ್ಲಿ ಹಕ್ಕಿಯು ಬಿತ್ತಿದ ಅರಳಿಯ ಸಸಿಯನ್ನು ಬೆರಳಿನಷ್ಟಿರುವಾಗ ಕೀಳದಿದ್ದರೆ, ಅದರ ಬೇರು ಗೋಡೆಯನ್ನು ಸೀಳುವಷ್ಟು ಬೆಳೆಯುತ್ತದೆ. ಅಂಗಡಿಯನ್ನು ಅಗಲಗೊಳಿಸಲೆಂದು ಭಾರ ಹೊರುವ ಗೋಡೆಯನ್ನೇ ಕೊರೆದರೆ ಮೇಲಿನ ಭಾರಕ್ಕೆ ಆಸರೆ ತಪ್ಪುತ್ತದೆ. ಇವು ಯಾವುವೂ ಒಂದು ದಿನದಲ್ಲಿ ಆಗುವಂಥವಲ್ಲ. ಕಟ್ಟಡವು ಬೀಳುವುದು ಒಂದು ಕ್ಷಣದಲ್ಲಿ. ಬೀಳಲು ಸಿದ್ಧವಾಗುವುದು ಮೂವತ್ತು ನಲವತ್ತು ವರ್ಷಗಳ ಅಲಕ್ಷ್ಯದಲ್ಲಿ.

ನಮ್ಮ ಮುಂದಿರುವ ಕರ್ತವ್ಯ

1963ರಲ್ಲಿ ಎರಡನೆಯ ವ್ಯಾಟಿಕನ್ ಮಹಾಸಭೆಯು ದೈವಾರಾಧನಾ ವಿಧಿಯನ್ನು ಕುರಿತು ಹೊರಡಿಸಿದ ಸಂವಿಧಾನದಲ್ಲಿ, ಪವಿತ್ರ ವಸ್ತುಗಳೂ ಬೆಲೆಯುಳ್ಳ ಕಲಾಕೃತಿಗಳೂ ಕೈಬಿಟ್ಟು ಹೋಗದಂತೆ, ನಾಶವಾಗದಂತೆ ಎಚ್ಚರ ವಹಿಸಬೇಕೆಂದು ಧರ್ಮಾಧ್ಯಕ್ಷರಿಗೆ ವಿಧಿಸಿತು. 1983ರ ಧರ್ಮಸಭೆಯ ಕಾನೂನು ಸಂಹಿತೆಯು ದೇವಾಲಯಗಳ ನಿರ್ಮಾಣದಲ್ಲಿಯೂ ದುರಸ್ತಿಯಲ್ಲಿಯೂ ತಜ್ಞರ ಸಲಹೆಯನ್ನು ಪಡೆಯಬೇಕೆಂದು ಹೇಳುತ್ತದೆ. ಅಸ್ಸಿಸಿಯ ಸಂತ ಫ್ರಾನ್ಸಿಸರು ತಮ್ಮ ಕರೆಯನ್ನು ಅರಿತುಕೊಂಡದ್ದು ಪಾಳುಬಿದ್ದ ಸಂತ ದಮಿಯಾನರ ಚಿಕ್ಕ ದೇವಾಲಯದಲ್ಲಿ. ಅವರು ಮೊದಲು ಮಾಡಿದ್ದು ಪ್ರಸಂಗವಲ್ಲ. ಕಲ್ಲು ಹೊತ್ತು ಆ ದೇವಾಲಯವನ್ನು ದುರಸ್ತಿ ಮಾಡಿದರು.

ಹೊಸ ಕಟ್ಟಡವನ್ನು ಬಯಸುವ ಬಾಂಧವರ ಮಾತಿನಲ್ಲಿಯೂ ಸತ್ಯಾಂಶವಿದೆ. ಭಾನುವಾರದ ಪೂಜೆಗೆ ಜನರು ಹೆಚ್ಚಿದ್ದಾರೆ, ಹೊರಗೆ ಬಿಸಿಲಿನಲ್ಲಿ ನಿಲ್ಲುವ ವೃದ್ಧರಿದ್ದಾರೆ. ಅವರ ಕಷ್ಟವನ್ನು ಕಡೆಗಣಿಸಿ ಗೋಡೆಯ ಚೆಲುವನ್ನು ಹೊಗಳುವುದು ಸರಿಯಲ್ಲ. 1901ರಲ್ಲಿ 68 ಸಾವಿರದಷ್ಟಿದ್ದ ನಗರದ ಜನಸಂಖ್ಯೆಯು 2011ರ ವೇಳೆಗೆ ಒಂಬತ್ತು ಲಕ್ಷವನ್ನು ಸಮೀಪಿಸಿತು. ಹೆಚ್ಚಿದ ಜನಕ್ಕೆ ಹೆಚ್ಚಿನ ಸ್ಥಳ ಬೇಕೇ ಬೇಕು. ಆದರೆ ಹೊಸದಾದ ಸ್ಥಳವನ್ನು ಹಳೆಯದರ ಪಕ್ಕದಲ್ಲಿ ಕಲ್ಪಿಸಲು ಸಾಧ್ಯವಿರುವಾಗ, ಹಳೆಯದನ್ನೇ ಬಲಿ ಕೊಡುವ ಅಗತ್ಯವೇನು? ಈ ಗೋಡೆಗಳು ಎದ್ದದ್ದು ಧನಿಕರ ದಾನದಿಂದ ಮಾತ್ರವಲ್ಲ. ದಿನಗೂಲಿಯಲ್ಲಿ ಒಂದು ಭಾಗವನ್ನು ಕೊಟ್ಟವರು, ಕೊಡಲು ಏನೂ ಇಲ್ಲದೆ ಇಟ್ಟಿಗೆ ಹೊತ್ತವರು ನಮ್ಮ ಅಜ್ಜ ಮುತ್ತಜ್ಜಂದಿರು. ಈ ಪೀಠದ ಮುಂದೆ ಅವರ ವಿವಾಹಗಳು ನಡೆದವು. ಇಲ್ಲಿಂದಲೇ ಅವರ ಶವಯಾತ್ರೆಗಳು ಹೊರಟವು.

ಆದಕಾರಣ ಸಭಾಜನರ ಮುಂದೆ ಮೂರು ಸೂಚನೆಗಳನ್ನಿಡುತ್ತೇನೆ. ಮೊದಲನೆಯದಾಗಿ, ಕೆಡವುವ ಮಾತಿಗೆ ಮುಂಚೆ ಸುಣ್ಣದ ಗಾರೆಯ ಕೆಲಸವನ್ನು ಬಲ್ಲ ತಜ್ಞರಿಂದ ಮಾಡು, ಗೋಡೆ, ಅಡಿಪಾಯಗಳನ್ನು ಪರೀಕ್ಷೆ ಮಾಡಿಸೋಣ. ಉಳಿಸಲಾಗದಷ್ಟು ಅಪಾಯವಿದೆಯೆಂದು ಅವರು ಹೇಳಿದರೆ ವಿನಯದಿಂದ ಒಪ್ಪೋಣ. ಎರಡನೆಯದಾಗಿ, ಉಳಿಸಬಹುದೆಂದರೆ, ಹೆಚ್ಚಿನ ಜನರಿಗಾಗಿ ದೇವಾಲಯದ ಪಕ್ಕದಲ್ಲಿ, ಅದರ ಎತ್ತರವನ್ನು ಮೀರದ ಪಡಸಾಲೆಯೊಂದನ್ನು ಕಟ್ಟೋಣ. ಮೂರನೆಯದಾಗಿ, ಪ್ರತಿವರ್ಷವೂ ಮುಂಗಾರಿಗೆ ಮುಂಚೆ ಹಂಚು, ದೋಣಿ, ಬಿರುಕುಗಳನ್ನು ನೋಡಿ ಸರಿಪಡಿಸಲು ಪ್ರತ್ಯೇಕವಾದ ನಿಧಿಯನ್ನು ಈ ಶತಮಾನೋತ್ಸವದಂದೇ ಸ್ಥಾಪಿಸೋಣ. ಶತಮಾನೋತ್ಸವದ ದೀಪಾಲಂಕಾರವು ಮೂರು ದಿನದ್ದು. ಈ ನಿಧಿಯಾದರೋ ಮುಂದಿನ ನೂರು ವರ್ಷಗಳದ್ದು.

ನಮ್ಮ ಪೂರ್ವಿಕರು ತಮಗಾಗಿ ಮಾತ್ರ ಕಟ್ಟಲಿಲ್ಲ. ತಾವು ಕಾಣದ ಮಕ್ಕಳಿಗಾಗಿಯೂ ಕಟ್ಟಿದರು. ನಾವೂ ಹಾಗೆಯೇ ಕಾಯ್ದುಕೊಳ್ಳುವಂತೆ ಸರ್ವೇಶ್ವರನು ನಮಗೆ ವಿವೇಕವನ್ನೂ ಒಮ್ಮನಸ್ಸನ್ನೂ ದಯಪಾಲಿಸಲಿ.