ನೂರ್‌ಜಹಾನಳ ಸಾರೋಟು

1615ರ ಡಿಸೆಂಬರ್ 23. ಕ್ರಿಸ್‌ಮಸ್‌ಗೆ ಇನ್ನು ಎರಡೇ ದಿನ. ಇಂಗ್ಲೆಂಡಿನ ದೊರೆ ಒಂದನೇ ಜೇಮ್ಸ್‌ನ ರಾಯಭಾರಿ ಸರ್ ಥಾಮಸ್ ರೋ ಸೂರತ್ತಿನಿಂದ ಹೊರಟು, ಬುರ್ಹಾನ್‌ಪುರ ಮತ್ತು ಚಿತ್ತೋರಿನ ಮಾರ್ಗವಾಗಿ ಅಂದು ಅಜ್ಮೀರ್ ತಲುಪಿದ. ಮೊಗಲ್ ದೊರೆ ಜಹಾಂಗೀರನ ಬಿಡಾರ ಆಗ ಅಲ್ಲಿತ್ತು. ದಾರಿಯಲ್ಲೇ ಕಾಯಿಲೆ ಬಿದ್ದಿದ್ದ ರೋ ಹಬ್ಬವನ್ನು ಹಾಸಿಗೆಯಲ್ಲೇ ಕಳೆಯಬೇಕಾಯಿತು. ಆಸ್ಥಾನದಲ್ಲಿದ್ದ ಜೆಸುಯಿಟ್ ಪಾದ್ರಿಗಳ ಪಾಲಿಗಂತೂ ಕ್ರಿಸ್‌ಮಸ್ ಆಗಲೇ ಮುಗಿದುಹೋಗಿತ್ತು. ಅವರು ಪೋಪರು ತಿದ್ದಿದ ಹೊಸ ಪಂಚಾಂಗದವರು. ಇಂಗ್ಲಿಷರು ಇನ್ನೂ ಹಳೆಯದರಲ್ಲೇ ಹತ್ತು ದಿನ ಹಿಂದೆ ಉಳಿದಿದ್ದರು. ಒಂದೇ ಊರಿನಲ್ಲಿ ಯೇಸುವಿನ ಜನ್ಮದಿನ ಎರಡು ಸಲ!

ರೋನ ಸಾಮಾನಿನಲ್ಲಿ ದೊರೆಗೆ ಕೊಡಬೇಕಾದ ಉಡುಗೊರೆಗಳಿದ್ದವು. ಅವನು ಹೆಸರಿಗೆ ದೊರೆಯ ರಾಯಭಾರಿ. ವರ್ಷಕ್ಕೆ 600 ಪೌಂಡಿನ ಸಂಬಳ ಕೊಡುತ್ತಿದ್ದುದು ಈಸ್ಟ್ ಇಂಡಿಯಾ ಕಂಪೆನಿ. ಉಡುಗೊರೆಗಳನ್ನು ಆರಿಸಿದವರೂ ಅದೇ ಕಂಪೆನಿಯ ಲಂಡನ್ ವ್ಯಾಪಾರಿಗಳು. ಎಲ್ಲವೂ ಇರುವ ಗಂಡ ಹೆಂಡಿರಿಗೆ ಏನನ್ನು ಕೊಡುವುದು? ಡಿಸೆಂಬರ್ ತಿಂಗಳಲ್ಲಿ ಅಂಗಡಿ ಅಂಗಡಿ ಅಲೆಯುವವರನ್ನು ಇಂದಿಗೂ ಕಾಡುವ ಈ ಪ್ರಶ್ನೆಗೆ ಆ ವ್ಯಾಪಾರಿಗಳು ಕಂಡುಕೊಂಡ ಉತ್ತರ ಅಷ್ಟೇನೂ ಚೆನ್ನಾಗಿರಲಿಲ್ಲ.

ಇಲ್ಲಿ ಒಂದು ಮಾತು ಹೇಳಬೇಕು. ಕ್ರಿಸ್‌ಮಸ್ ಎಂದರೆ ಉಡುಗೊರೆ ಎಂಬ ಇಂದಿನ ರೂಢಿ ಬಲವಾದದ್ದು ಹತ್ತೊಂಬತ್ತನೆಯ ಶತಮಾನದಲ್ಲಿ. ರೋನ ಕಾಲದ ಇಂಗ್ಲೆಂಡಿನಲ್ಲಿ ಉಡುಗೊರೆಯ ದಿನ ಜನವರಿ ಒಂದು. ಅಂದು ಸರದಾರರು ದೊರೆಗೆ ಕಾಣಿಕೆ ಒಪ್ಪಿಸುತ್ತಿದ್ದರು, ದೊರೆ ಪ್ರತಿಯಾಗಿ ಬೆಳ್ಳಿಬಂಗಾರದ ಪಾತ್ರೆ ಕೊಡುತ್ತಿದ್ದ. ಯಾರು ಏನು ಕೊಟ್ಟರು, ಯಾರಿಗೆ ಎಷ್ಟು ತೂಕದ ಪಾತ್ರೆ ಹೋಯಿತು ಎಂಬುದನ್ನೆಲ್ಲ ಉದ್ದನೆಯ ಸುರುಳಿಯಲ್ಲಿ ಬರೆದಿಡುತ್ತಿದ್ದರು. ಮೊಗಲರ ಆಸ್ಥಾನಕ್ಕೂ ಇಂತಹ ದಿನಗಳಿದ್ದವು. ನೌರೋಜ್ ಒಂದು, ದೊರೆಯ ಹುಟ್ಟುಹಬ್ಬ ಇನ್ನೊಂದು. ಅಂದರೆ ರೋ ಅಪರಿಚಿತ ಪದ್ಧತಿಯ ನಡುವೆ ಬಂದು ಬಿದ್ದವನಲ್ಲ. ಲೆಕ್ಕ ಮಾತ್ರ ಬೇರೆಯಾಗಿತ್ತು.

ಎಷ್ಟು ಬೇರೆ ಎಂಬುದಕ್ಕೆ ಆ ದಂಪತಿ ಒಬ್ಬರಿಗೊಬ್ಬರು ಕೊಟ್ಟದ್ದನ್ನು, ಮನೆಮಂದಿಗಾಗಿ ಖರ್ಚು ಮಾಡಿದ್ದನ್ನು ನೋಡಬೇಕು. ಜಹಾಂಗೀರನು ಮೆಹರುನ್ನಿಸಾಳನ್ನು ಮದುವೆಯಾದದ್ದು 1611ರಲ್ಲಿ. ನೂರ್ ಮಹಲ್ ಎಂದು ಕರೆಸಿಕೊಳ್ಳುತ್ತಿದ್ದ ಅವಳಿಗೆ 1616ರಲ್ಲಿ ನೂರ್‌ಜಹಾನ್ ಎಂಬ ಬಿರುದು ಬಂತು. 1617ರಲ್ಲಿ ಒಂದು ಬೇಟೆಯಲ್ಲಿ ಅವಳು ಆನೆಯ ಮೇಲಿನ ಅಂಬಾರಿಯಿಂದ ಆರು ಗುಂಡುಗಳಲ್ಲಿ ನಾಲ್ಕು ಹುಲಿಗಳನ್ನು ಕೆಡವಿದಳು. ಗಂಡನ ಹಿಗ್ಗಿಗೆ ಪಾರವಿಲ್ಲ. ಅವಳ ಮೇಲೆ ಸಾವಿರ ಅಶ್ರಫಿಗಳನ್ನು ಸುರಿದು, ಒಂದು ಲಕ್ಷ ರೂಪಾಯಿ ಬೆಲೆಯ ವಜ್ರದ ಬಳೆಗಳನ್ನು ಕೊಟ್ಟೆನೆಂದು ತನ್ನ ಆತ್ಮಕಥೆ 'ತುಝುಕ್-ಎ-ಜಹಾಂಗೀರಿ'ಯಲ್ಲಿ ಬರೆದುಕೊಂಡಿದ್ದಾನೆ. ಅದೇ ವರ್ಷ ರಾಜಕುಮಾರ ಖುರ್ರಂ ದಖನ್ನಿನಿಂದ, ನಮ್ಮ ಬಿಜಾಪುರದ ಆದಿಲ್‌ಶಾಹಿಯ ಪೇಶ್‌ಕಶ್‌ ಸಮೇತ, ಮಾಂಡುವಿಗೆ ಮರಳಿ ಶಾಹ್ ಜಹಾನ್ ಎಂಬ ಬಿರುದು ಪಡೆದ. ಆ ಸಂತೋಷಕ್ಕೆ ನೂರ್‌ಜಹಾನ್ ಏರ್ಪಡಿಸಿದ ಔತಣ ಮತ್ತು ಉಡುಗೊರೆಗಳಿಗೆ ಮೂರು ಲಕ್ಷ ರೂಪಾಯಿ ಖರ್ಚಾಯಿತು. ಇಂಥವರ ಮುಂದೆ ಲಂಡನ್ನಿನ ವ್ಯಾಪಾರಿಗಳ ಪೆಟ್ಟಿಗೆ ತೆರೆಯಬೇಕಾಗಿತ್ತು.

ಅದು ತೆರೆದದ್ದು 1616ರ ಜನವರಿ 10ರಂದು. ಒಂದು ಸಾರೋಟು, ವರ್ಜಿನಲ್ ಎಂಬ ಕೀಲಿಮಣೆಯ ವಾದ್ಯ, ಅದನ್ನು ನುಡಿಸಲು ಒಬ್ಬ ಸಂಗೀತಗಾರ, ಕೆಲವು ಚಾಕುಗಳು, ಕಸೂತಿಯ ಒಂದು ನಡುಪಟ್ಟಿ. ಇಷ್ಟಕ್ಕೇ ಮುಗಿಸಲು ಮನಸ್ಸಾಗದೆ ರೋ ತನ್ನದೇ ಖಡ್ಗವೊಂದನ್ನೂ ಸೇರಿಸಿದ. ಬೇಗಮಳ ಹೆಸರಿಗೆ ಅಂದಿನ ಪಟ್ಟಿಯಲ್ಲಿ ಏನೂ ಇರಲಿಲ್ಲ. ಆಸ್ಥಾನದಲ್ಲಿ ಎಲ್ಲವೂ ಸೌಜನ್ಯದಿಂದಲೇ ನಡೆಯಿತು. ರಾತ್ರಿ ಜಹಾಂಗೀರ್ ಅಂಗಳಕ್ಕಿಳಿದು ಸಾರೋಟಿನೊಳಗೆ ಕುಳಿತು ಎಳೆಸಿಕೊಂಡು ನೋಡಿದ. ಖಡ್ಗವನ್ನೂ ಪಟ್ಟಿಯನ್ನೂ ಇಂಗ್ಲಿಷರಂತೆ ಕಟ್ಟಿಕೊಳ್ಳುವುದು ಹೇಗೆಂದು ತೋರಿಸಲು ರಾತ್ರಿ ಹತ್ತು ಗಂಟೆಗೆ ರೋನ ಸೇವಕನಿಗೆ ಕರೆ ಹೋಯಿತು. ಕಟ್ಟಿಕೊಂಡು ಅತ್ತಿತ್ತ ನಡೆದ. ಆದರೆ ರಾಯಭಾರಿ ಹೊರಟುಹೋದ ಮೇಲೆ ಅವನು ಜೆಸುಯಿಟ್ ಪಾದ್ರಿಯನ್ನು ಕೇಳಿದ ಪ್ರಶ್ನೆ ಬೇರೆ: ಇಷ್ಟು ಕಡಿಮೆ ಬೆಲೆಯ ಕಾಣಿಕೆ ಕಳಿಸುವ ಇಂಗ್ಲೆಂಡಿನ ದೊರೆ ನಿಜಕ್ಕೂ ದೊಡ್ಡ ದೊರೆಯೇ? ತಾನು ರತ್ನಗಳನ್ನು ನಿರೀಕ್ಷಿಸಿದ್ದೆ ಎಂದೂ ಸೇರಿಸಿದ. ಈ ಮಾತು ರೋನ ಕಿವಿಗೂ ಬಿತ್ತು. ತನ್ನ ದಿನಚರಿಯಲ್ಲಿ ಅವನೇ ಅದನ್ನು ದಾಖಲಿಸಿದ್ದಾನೆ.

ಸಾರೋಟಿನ ಕಥೆಯಂತೂ ಇನ್ನೂ ಸ್ವಾರಸ್ಯಕರ. ಅದರ ಒಳಮೈಗೆ ಹೊದಿಸಿದ್ದ ಕೆಂಪು ಮಖಮಲ್ಲು ಚೀನಾದ್ದು. ಇಂಗ್ಲೆಂಡಿನಲ್ಲಿ ಒಳ್ಳೆಯ ಮಖಮಲ್ಲು ಸಿಗುತ್ತದೆಂದು ಕೇಳಿದ್ದೆ, ನನಗೊಂದು ಸಾರೋಟು ಕಳಿಸಲು ನಿಮ್ಮ ದೊರೆ ಚೀನಾದವರೆಗೆ ಯಾಕೆ ತೊಂದರೆ ತೆಗೆದುಕೊಂಡ ಎಂದು ಜಹಾಂಗೀರ್ ಕೇಳಿದನಂತೆ. ಇದನ್ನು ಬರೆದವನು ರೋನ ಜೊತೆಗಿದ್ದ ಪಾದ್ರಿ ಎಡ್ವರ್ಡ್ ಟೆರ್ರಿ. ದೊರೆಯ ಕಾರ್ಖಾನೆಯವರು ಸಾರೋಟನ್ನು ಭಾಗ ಭಾಗವಾಗಿ ಬಿಚ್ಚಿದರು. ಅದೇ ಮಾದರಿಯಲ್ಲಿ ಹೊಸದೊಂದನ್ನು ಕಟ್ಟಿದರು. ಹಳೆಯದಕ್ಕೆ ಹೂವಿನ ಜರತಾರಿ ಬಟ್ಟೆ ಹೊದಿಸಿ, ಹಿತ್ತಾಳೆ ಮೊಳೆಗಳನ್ನು ಕಿತ್ತು ಬೆಳ್ಳಿಯ ಮೊಳೆ ಬಡಿದರು.

ಇಂಗ್ಲಿಷರು ಗಾಜಿನ ಮಣಿ ತೋರಿಸಿ ಹಿಂದೂಸ್ತಾನವನ್ನು ಮರುಳು ಮಾಡಿದರೆಂದು ಹೇಳುವ ಪಾಠಗಳನ್ನು ನಾವು ಓದಿದ್ದೇವೆ. ಬಂದ ವಸ್ತುವನ್ನು ಬಿಚ್ಚಿ ನೋಡಿ, ಅದಕ್ಕಿಂತ ಒಳ್ಳೆಯದನ್ನು ತಾನೇ ಮಾಡಿಸಿಕೊಂಡು, ಅವರು ಬಯಸಿ ಬಂದಿದ್ದ ಶಾಶ್ವತ ಒಪ್ಪಂದಕ್ಕೆ ಮಾತ್ರ ಕೊನೆಯವರೆಗೂ ಸಹಿ ಹಾಕದ ಈ ಮನುಷ್ಯನನ್ನು ಮರುಳಾದವನೆನ್ನಲು ನನಗೆ ಸಾಧ್ಯವಾಗದು.

ರೋ ಕಂಪೆನಿಗೆ ಬರೆದ ಪತ್ರಗಳನ್ನು ಓದಿದರೆ ಅವನ ಮುಜುಗರ ಗೊತ್ತಾಗುತ್ತದೆ. ಸಾರೋಟಿನ ಬಟ್ಟೆ ಬಣ್ಣಗೆಟ್ಟಿದೆ, ಚಾಕುಗಳು ಸಣ್ಣವು, ದುರ್ಬೀನುಗಳನ್ನು ಮಾರುವುದಿರಲಿ ಪುಕ್ಕಟೆ ಕೊಡಲೂ ನಾಚಿಕೆಯಾಗುತ್ತದೆ, ಚಿತ್ರಗಳು ಕಾಸಿನ ಬೆಲೆಯವಲ್ಲ. ಹಾಗಾದರೆ ಕಳಿಸಬೇಕಾದದ್ದೇನು? ಅವನ ಒಂದು ಸಲಹೆ ನಮಗೆ ಓದಲು ಇರುಸುಮುರುಸಾಗುತ್ತದೆ: ಒಳ್ಳೆಯ ಕೆಂಪು ದ್ರಾಕ್ಷಾರಸದ ನಾಲ್ಕೈದು ಪೀಪಾಯಿ ಬಂದರೆ ಲಂಡನ್ನಿನ ಅತ್ಯುತ್ತಮ ಆಭರಣಕ್ಕಿಂತಲೂ ಹೆಚ್ಚು ಸ್ವಾಗತ ಸಿಗುತ್ತದೆ! ಬುರ್ಹಾನ್‌ಪುರದಲ್ಲಿ ರಾಜಕುಮಾರ ಪರ್ವೇಝನಿಗೆ ಕೊಟ್ಟ ಬಾಟಲಿ ಪೆಟ್ಟಿಗೆಯ ಪರಿಣಾಮವನ್ನು ಅವನು ಕಂಡಿದ್ದ. ರಾಜಕುಮಾರ ಕುಡಿದು ಮಲಗಿದ, ಗೊತ್ತುಪಡಿಸಿದ್ದ ಖಾಸಗಿ ಭೇಟಿ ನಡೆಯಲೇ ಇಲ್ಲ. ಪಟ್ಟವೇರುತ್ತಲೇ ಮದ್ಯ ತಯಾರಿಕೆ ನಿಷೇಧಿಸಿ ಫರ್ಮಾನು ಹೊರಡಿಸಿದ್ದ ಜಹಾಂಗೀರ್ ತನ್ನ ಕುಡಿತವನ್ನು ಆತ್ಮಕಥೆಯಲ್ಲಿ ಮುಚ್ಚಿಟ್ಟಿಲ್ಲ. ನಾವೂ ಮುಚ್ಚಿಡಬೇಕಾಗಿಲ್ಲ.

ಆದರೆ ಇಲ್ಲಿ ಸೋತದ್ದು ವ್ಯಾಪಾರಿಗಳ ಅಭಿರುಚಿ ಮಾತ್ರವೇ? ಉಡುಗೊರೆಯ ಬಡತನದ ಹಿಂದೆ ವ್ಯಾಪಾರದ ಬಡತನವಿತ್ತು. ಇಂಗ್ಲೆಂಡು ಹೆಮ್ಮೆಯಿಂದ ನೇಯುತ್ತಿದ್ದದ್ದು ದಪ್ಪ ಉಣ್ಣೆ ಬಟ್ಟೆ. ಅಜ್ಮೀರದ ಬಿಸಿಲಿನಲ್ಲಿ ಅದನ್ನು ತೊಡುವವರಾರು? ಹಿಂದೂಸ್ತಾನದ ಹತ್ತಿಬಟ್ಟೆ, ನೀಲಿ ಮುಂತಾದವು ಇಂಗ್ಲಿಷರಿಗೆ ಬೇಕಿತ್ತು. ಇಂಗ್ಲಿಷರಲ್ಲಿ ಹಿಂದೂಸ್ತಾನಕ್ಕೆ ಬೇಕಾಗಿದ್ದದ್ದು ಬೆಳ್ಳಿ ಒಂದೇ. ಮಾರಲು ವಸ್ತುವಿಲ್ಲದವನ ಬಳಿ ಕೊಡಲು ವಸ್ತು ಎಲ್ಲಿಂದ ಬರಬೇಕು?

ಕೊಡುವ ಅರ್ಥದಲ್ಲೂ ಎಡವಟ್ಟಾಗಿತ್ತು. ತಾನು ಸಮಾನ ದೊರೆಯೊಬ್ಬನ ಪ್ರತಿನಿಧಿ ಎಂಬುದು ರೋನ ನಿಲುವು. ಸೂರತ್ತಿನ ಅಧಿಕಾರಿಗಳು ಪೆಟ್ಟಿಗೆ ತೆರೆದು ತಪಾಸಣೆ ಮಾಡಲು ಬಂದಾಗ ಅವನು ಅದಕ್ಕಾಗಿಯೇ ಜಗಳಾಡಿದ್ದ. ಮೊಗಲ್ ಪದ್ಧತಿಯಲ್ಲಾದರೋ ಕೆಳಗಿನವನು ಮೇಲಿನವನಿಗೆ ಒಪ್ಪಿಸುವುದು ನಝರ್ ಅಥವಾ ಪೇಶ್‌ಕಶ್. ಮೇಲಿನವನು ಕೆಳಗಿನವನಿಗೆ ದಯಪಾಲಿಸುವುದು ಖಿಲ್‌ಅತ್, ಇನಾಮು. ಸಮಾನರ ನಡುವಿನ ಉಡುಗೊರೆಗೆ ಆ ದರ್ಬಾರಿನಲ್ಲಿ ಜಾಗವೇ ಕಡಿಮೆ. ಪ್ರತಿಯಾಗಿ ರೋನಿಗೆ ಬಂದದ್ದು ಕಾಡುಹಂದಿ, ಕರಬೂಜ ಹಣ್ಣು. ದೊರೆಯ ಭಾವ ಆಸಫ್ ಖಾನನ ಮೊದಲ ಕಾಣಿಕೆಯೇ ಇಪ್ಪತ್ತು ಕರಬೂಜಗಳು. ನಮ್ಮ ಸುಖವೆಲ್ಲ ನಾಲಗೆಯಲ್ಲೇ ಇದೆಯೆಂದು ಇವರು ತಿಳಿದಂತಿದೆ ಎಂದು ಅವನು ಗೊಣಗುತ್ತಾನೆ. ಮುಂದೆ ಜಹಾಂಗೀರ್ ಬಂಗಾರದಲ್ಲಿ ಕೂರಿಸಿದ ತನ್ನ ಪುಟ್ಟ ಭಾವಚಿತ್ರವನ್ನು ಕೊಟ್ಟಾಗ ರೋ ಮಾಡಿದ ಮೊದಲ ಕೆಲಸ, ಅದು ಎಷ್ಟು ಪೌಂಡು ಬಾಳುತ್ತದೆಂದು ಎಣಿಸಿದ್ದು. ಮೂವತ್ತೂ ಬಾಳದಂತೆ! ದೊಡ್ಡ ದೊಡ್ಡ ಅಮೀರರು ಪಡೆಯುವುದಕ್ಕಿಂತ ಅದು ಐದು ಪಟ್ಟು ಮೇಲೆಂದು ಅವನೇ ಒಪ್ಪಿದ್ದಾನೆ. ಉಡುಗೊರೆ ವಿನಿಮಯ ಮಾಡಿಕೊಳ್ಳಿ, ಅದರಿಂದ ಪರಸ್ಪರ ಪ್ರೀತಿ ಬೆಳೆಯುತ್ತದೆ ಎಂಬುದು ಪ್ರವಾದಿ(ಸ)ರ ಬೋಧನೆ. ಅಜ್ಮೀರದಲ್ಲಿ ಎರಡೂ ಕಡೆಯವರು ತಕ್ಕಡಿ ಹಿಡಿದೇ ಕುಳಿತಿದ್ದರು.

ಸಾರೋಟು ಕಳಿಸುವ ಯೋಚನೆ ಹೊಸದೂ ಅಲ್ಲ. 1599ರಲ್ಲಿ ರಾಣಿ ಎಲಿಜಬೆತ್ ಇಸ್ತಾಂಬುಲಿನ ಸುಲ್ತಾನ ಮೂರನೇ ಮೆಹ್ಮದನಿಗೆ ತಾನಾಗಿಯೇ ನುಡಿಯುವ ಆರ್ಗನ್ನನ್ನೂ ಅವನ ತಾಯಿ ಸಫಿಯೆ ಸುಲ್ತಾನಳಿಗೆ ಸಾರೋಟನ್ನೂ ಕಳಿಸಿದ್ದಳು. ಆರ್ಗನ್ನಿನ ಅಂಟು ದಾರಿಯಲ್ಲೇ ಕರಗಿಹೋಗಿ, ಜೊತೆಗೆ ಹೋಗಿದ್ದ ಥಾಮಸ್ ಡಾಲಂ ಎಂಬ ಕುಶಲಕರ್ಮಿ ಅದನ್ನು ಮತ್ತೆ ಜೋಡಿಸಿದ. ಸುಲ್ತಾನನಿಗೆ ಅದು ಬಹಳ ಹಿಡಿಸಿತು. ಅಂದರೆ ಒಳ್ಳೆಯದನ್ನು ಕಳಿಸಲು ಇಂಗ್ಲಿಷರಿಗೆ ಬಾರದೆ ಇರಲಿಲ್ಲ.

ಜಹಾಂಗೀರನಿಗೆ ನಿಜವಾಗಿ ಬೇಕಾಗಿದ್ದದ್ದು ಏನು? ಉತ್ತರ ಅವನ ಪುಸ್ತಕದಲ್ಲೇ ಇದೆ. 1612ರಲ್ಲಿ ಮುಕರ್ರಬ್ ಖಾನ್ ಗೋವಾದಿಂದ ಕೆಲವು ವಿಚಿತ್ರ ಪ್ರಾಣಿ ಪಕ್ಷಿಗಳನ್ನು ತಂದಿದ್ದ. ಫಿರಂಗಿಗಳು ಕೇಳಿದ ಬೆಲೆ ಕೊಟ್ಟು ಅಪರೂಪದ್ದನ್ನೆಲ್ಲ ಕೊಂಡು ತಾ ಎಂದು ದೊರೆಯೇ ಅಪ್ಪಣೆ ಮಾಡಿದ್ದ. ಬಂದವುಗಳಲ್ಲಿ ಒಂದು ಟರ್ಕಿ ಕೋಳಿ. ಅದರ ತಲೆ, ಕತ್ತಿನ ಬಣ್ಣ ಗೋಸುಂಬೆಯಂತೆ ಬದಲಾಗುವುದನ್ನು ಅವನು ಮೈಮರೆತು ವರ್ಣಿಸುತ್ತಾನೆ. ಉಸ್ತಾದ್ ಮನ್ಸೂರ್ ಅದನ್ನು ಚಿತ್ರಿಸಿದ. ಆ ಚಿತ್ರ ಲಂಡನ್ನಿನ ವಿಕ್ಟೋರಿಯಾ ಆ್ಯಂಡ್ ಆಲ್ಬರ್ಟ್ ಮ್ಯೂಸಿಯಂನಲ್ಲಿದೆ. ಇಂಗ್ಲೆಂಡಿನ ಉಳ್ಳವರ ಮನೆಯಲ್ಲಿ ಕ್ರಿಸ್‌ಮಸ್ ಊಟಕ್ಕೆ ಹುರಿದು ಬಡಿಸುತ್ತಿದ್ದ ಹಕ್ಕಿ ಅದು!

ಬೆಲೆಗಿಂತ ಕುತೂಹಲ ದೊಡ್ಡದು ಎಂಬುದು ರೋನಿಗೂ ನಿಧಾನವಾಗಿ ಅರ್ಥವಾಯಿತು. ಅವನ ಬಳಿ ಇದ್ದ ಒಂದು ಪುಟ್ಟ ಇಂಗ್ಲಿಷ್ ಚಿತ್ರವನ್ನು ದೊರೆಯ ಕಲಾವಿದರು ನಕಲು ಮಾಡಿದರು. ದೀಪದ ಬೆಳಕಿನಲ್ಲಿ ಮೂಲ ಮತ್ತು ನಕಲುಗಳನ್ನು ಒಟ್ಟಿಗೆ ಇಟ್ಟು ನಿನ್ನದು ಯಾವುದೆಂದು ಕೇಳಿದಾಗ ರೋ ತಡವರಿಸಿದ. ಜಹಾಂಗೀರನಿಗೆ ಅಂದು ಸಿಕ್ಕಿದಷ್ಟು ಖುಷಿ ಯಾವ ಚಾಕುವಿನಿಂದಲೂ ಸಿಕ್ಕಿರಲಿಲ್ಲ. ಇಂಗ್ಲೆಂಡಿನಿಂದ ಬಂದ ಮ್ಯಾಸ್ಟಿಫ್ ನಾಯಿಗಳಲ್ಲಿ ಜೀವಂತ ಉಳಿದು ತಲುಪಿದ್ದು ಎರಡೇ. ಒಂದು ದಾರಿಯಲ್ಲೇ ಆನೆಯ ಸೊಂಡಿಲಿಗೆ ಬಾಯಿ ಹಾಕಿತು. ದೊರೆ ಪ್ರತಿ ನಾಯಿಗೆ ನಾಲ್ವರು ಆಳುಗಳನ್ನೂ, ಹೊತ್ತು ತಿರುಗಲು ಪಲ್ಲಕ್ಕಿಯನ್ನೂ ಕೊಟ್ಟು, ತಾನೇ ತುತ್ತು ತಿನ್ನಿಸಲು ಬೆಳ್ಳಿಯ ಇಕ್ಕಳ ಮಾಡಿಸಿದನಂತೆ. ಆದರೆ ಶುಕ್ರದೇವತೆ ವೀನಸ್ ಕಪ್ಪು ಮೈಯ ಸಟೈರನೊಬ್ಬನನ್ನು ಮೂಗು ಹಿಡಿದು ಎಳೆಯುವ ಚಿತ್ರ ಬಂದಾಗ, ಇದು ಏಷ್ಯಾದವರ ಹೀಯಾಳಿಕೆಯಲ್ಲವೇ ಎಂದು ಅನುಮಾನಿಸಿದ. ರೋನ ಬಳಿ ಉತ್ತರವಿರಲಿಲ್ಲ. ಮರ್ಕೇಟರನ ಭೂಪಟಗಳ ಪುಸ್ತಕವನ್ನು ಎದೆಯ ಮೇಲೆ ಕೈಯಿಟ್ಟು ಸ್ವೀಕರಿಸಿ, ಓದಿ ಹೇಳಬಲ್ಲವರು ಯಾರೂ ಸಿಗದೆ ಕೆಲವು ದಿನಗಳಲ್ಲಿ ಹಿಂತಿರುಗಿಸಿದ. ಇಂತಹ ರತ್ನವನ್ನು ನಿಮ್ಮಿಂದ ಕಸಿಯಲಾರೆ ಎಂಬ ಮಾತು ಅದರ ಜೊತೆಗಿತ್ತು. ಆ ಹೊತ್ತಿಗೆ ಇಂಗ್ಲಿಷರ ಹಡಗುಗಳನ್ನು ದೊರೆಯ ಮನೆಬಾಗಿಲಿಗೆ ತಂದಿದ್ದ ವಿದ್ಯೆ ಆ ಪುಟಗಳಲ್ಲಿತ್ತು ಎಂಬುದನ್ನು ನೆನೆದರೆ, ಮರಳಿ ಕೊಟ್ಟ ಉಡುಗೊರೆಗಳಲ್ಲೆಲ್ಲ ಇದೇ ದುಬಾರಿ ಎನಿಸುತ್ತದೆ.

ಒಮ್ಮೆ ಜಹಾಂಗೀರ್ ಬಾಯಿಬಿಟ್ಟೇ ಕೇಳಿದ: ಒಂದು ದೊಡ್ಡ ಇಂಗ್ಲಿಷ್ ಕುದುರೆ ಬೇಕು. ಸಮುದ್ರದಲ್ಲಿ ಬದುಕಲಾರದು ಎಂದ ರೋ. ಹಡಗಿಗೆ ಆರು ಹತ್ತಿಸಿದರೆ ಒಂದಾದರೂ ಉಳಿದೀತು, ಸೊರಗಿ ಬಂದರೆ ನಾನು ಮೇಯಿಸಿ ಕೊಬ್ಬಿಸುತ್ತೇನೆ ಎಂದ ದೊರೆ! ಬರೆದು ನೋಡುತ್ತೇನೆ ಎಂದು ರೋ ಒಪ್ಪಿದ. ಇನ್ನೊಮ್ಮೆ ಸೂರತ್ತಿನಿಂದ ರೋನ ಹೆಸರಿಗೆ ಬರುತ್ತಿದ್ದ ಪೆಟ್ಟಿಗೆಗಳನ್ನೇ ದಾರಿಯಲ್ಲಿ ತರಿಸಿ ತೆರೆದುಬಿಟ್ಟ. ರೋ ಸಿಡಿಮಿಡಿಗೊಂಡಾಗ ಸಮಾಧಾನ ಹೇಳಿ, ಟೋಪಿಗಳನ್ನು ಮಾತ್ರ ಬಿಟ್ಟುಕೊಡು, ನನ್ನ ಹೆಂಗಸರಿಗೆ ಇಷ್ಟವಾಗಿವೆ ಎಂದ.

ಆ ಹೆಂಗಸರಲ್ಲಿ ಹಿರಿಯಳ ಬೆಲೆ ರೋನಿಗೆ ತಿಳಿದದ್ದು ತಡವಾಗಿ. ನೂರ್‌ಜಹಾನ್ ಸ್ವತಃ ವ್ಯಾಪಾರದಲ್ಲಿ ಕೈಯಿಟ್ಟಿದ್ದವಳು. ಹಡಗುಗಳಲ್ಲಿ ಬಂದ ಅಪರೂಪದ ಸರಕನ್ನು ಮೊದಲು ನೋಡಿ ಕೊಳ್ಳುವ ಅವಕಾಶ ಅವಳಿಗೂ ಅವಳ ಅಣ್ಣ ಆಸಫ್ ಖಾನನಿಗೂ ಯಾವ ಪುಕ್ಕಟೆ ಚಾಕುವಿಗಿಂತ ಮುಖ್ಯವಾಗಿತ್ತು. 1617ರಲ್ಲಿ ಆಸಫ್ ಖಾನನಿಗೆ ದೊಡ್ಡದೊಂದು ಮುತ್ತನ್ನು ಒದಗಿಸಿದ ಮೇಲೆ ಗಾಳಿ ತಿರುಗಿತು. ಈಗ ಬೇಗಮಳೇ ನನ್ನ ವಕೀಲೆ, ಅವಳ ಅಣ್ಣನೇ ನನ್ನ ದಲ್ಲಾಳಿ ಎಂಬರ್ಥದಲ್ಲಿ ರೋ ಬರೆದ. ಎರಡು ವರ್ಷ ಕಾಣಿಕೆ ಹೊತ್ತು ತಿರುಗಿದವನಿಗೆ ಬಾಗಿಲು ತೆರೆದದ್ದು ಮಾರಾಟದಿಂದ.

1619ರ ಫೆಬ್ರವರಿಯಲ್ಲಿ ಅವನು ಸೂರತ್ತಿನಿಂದ ಹಡಗು ಹತ್ತಿದ. ಕೈಯಲ್ಲಿ ಸೂರತ್ತಿನ ವ್ಯಾಪಾರಕ್ಕೆ ಸಂಬಂಧಿಸಿದ ಫರ್ಮಾನುಗಳಿದ್ದವು, ಬಯಸಿದ ಒಪ್ಪಂದವಿರಲಿಲ್ಲ. ಜಹಾಂಗೀರನ ಆತ್ಮಕಥೆಯನ್ನು ಮೊದಲಿನಿಂದ ಕೊನೆಯವರೆಗೆ ಹುಡುಕಿದರೂ ರೋನ ಹೆಸರು ಸಿಗುವುದಿಲ್ಲ. ಸಾರೋಟು ಮಾತ್ರ ಸಿಗುತ್ತದೆ. 1616ರ ನವೆಂಬರಿನಲ್ಲಿ ಅಜ್ಮೀರ್ ಬಿಟ್ಟು ಹೊರಟ ದಿನ, ನಾಲ್ಕು ಕುದುರೆ ಕಟ್ಟಿದ ಫಿರಂಗಿ ರಥದಲ್ಲಿ ಕುಳಿತು ಹೊರಟೆ, ಇಂತಹದ್ದನ್ನೇ ಮಾಡಿಸಿಕೊಳ್ಳಲು ಅಮೀರರಿಗೂ ಹೇಳಿದೆ ಎಂದು ಅವನು ಬರೆಯುತ್ತಾನೆ. ದಾರಿ ಬದಿಯಲ್ಲಿ ನಿಂತು ನೋಡುತ್ತಿದ್ದ ರೋ ಉಳಿದದ್ದನ್ನು ಹೇಳುತ್ತಾನೆ. ದೊರೆ ಕುಳಿತದ್ದು ಹಿಂದೂಸ್ತಾನದ ಬಡಗಿಗಳು ಕಟ್ಟಿದ ಹೊಸ ಸಾರೋಟಿನಲ್ಲಿ. ಅದನ್ನು ನಡೆಸುತ್ತಿದ್ದವನು ಇಂಗ್ಲಿಷ್ ಸಾರಥಿ, ನಾಟಕದವರಂತೆ ಥಳಥಳಿಸುವ ಉಡುಪಿನಲ್ಲಿ. ಹಿಂದೆ ಬಂತು ಲಂಡನ್ನಿನ ಸಾರೋಟು, ಹೊಸ ಹೊದಿಕೆ ಹೊದ್ದು. ದೊರೆ ಅದನ್ನು ತನ್ನ ಬೇಗಮಳಿಗೆ ಕೊಟ್ಟುಬಿಟ್ಟಿದ್ದ. ಒಳಗೆ ನೂರ್‌ಜಹಾನ್ ಕುಳಿತಿದ್ದಳು.