ನೆಗಡಿ ಮತ್ತು ಫ್ಲೂ ಜ್ವರ: ಮನೆಯ ಆರೈಕೆ ಎಲ್ಲಿಯವರೆಗೆ?

ಗುಜರಾತಿನ ಚಳಿಗಾಲಕ್ಕೆ ಎರಡು ಮುಖಗಳಿವೆ. ಡಿಸೆಂಬರ್ ಮತ್ತು ಜನವರಿಯ ಮುಂಜಾನೆ ಸ್ವೆಟರ್ ಇಲ್ಲದೆ ಹೊರಗೆ ಕಾಲಿಡಲಾಗದು; ಅದೇ ದಿನ ಮಧ್ಯಾಹ್ನ ಫ್ಯಾನ್ ಹಾಕಬೇಕೆನಿಸುತ್ತದೆ. ಉತ್ತರಾಯಣದ ಗಾಳಿಪಟ, ಮದುವೆ ಸಮಾರಂಭ, ಊರಿನಿಂದ ಬಂದು ಹೋಗುವ ಬಂಧುಬಳಗ, ಎಲ್ಲವೂ ಈ ತಿಂಗಳುಗಳಲ್ಲೇ ಕೂಡಿಬರುತ್ತವೆ. ಜನ ಸೇರಿದ ಕಡೆ ನೆಗಡಿ, ಕೆಮ್ಮು, ಜ್ವರಗಳೂ ಸೇರುತ್ತವೆ. ವಡೋದರಾದ ಮಕರಪುರದಂತಹ ಕೈಗಾರಿಕಾ ಪ್ರದೇಶಗಳಲ್ಲಿ ನೆಲೆಸಿರುವ ಕನ್ನಡಿಗರ ಮನೆಗಳಲ್ಲಿ ಇನ್ನೊಂದು ತೊಡಕೂ ಉಂಟು. ಮಗ, ಸೊಸೆ ಕೆಲಸಕ್ಕೆ ಹೊರಟ ಮೇಲೆ ಊರಿನಿಂದ ಬಂದ ವೃದ್ಧ ತಂದೆ ತಾಯಿಯರು ದಿನವಿಡೀ ಒಬ್ಬರೇ ಇರುತ್ತಾರೆ. ಗುಜರಾತಿ ಬಾರದ ಅವರು ತಮ್ಮ ಬಾಧೆಯನ್ನು ನೆರೆಯವರಿಗೂ ವೈದ್ಯರಿಗೂ ಹೇಳಲಾರದೆ ಸುಮ್ಮನಿರುವುದುಂಟು. ಆದುದರಿಂದ ಈ ಕಾಯಿಲೆಗಳಿಗೆ ಮನೆಯಲ್ಲಿ ಏನು ಮಾಡಬಹುದು, ಮನೆಯ ಆರೈಕೆ ಎಲ್ಲಿಗೆ ಮುಗಿಯುತ್ತದೆ ಎಂಬುದನ್ನು ಓದುಗರ ಮುಂದಿಡುತ್ತಿದ್ದೇವೆ.

ನೆಗಡಿಯೂ ಫ್ಲೂ ಜ್ವರವೂ ಒಂದೇ ಅಲ್ಲ

ನೆಗಡಿಯನ್ನು ತರುವ ವೈರಾಣುಗಳು ಇನ್ನೂರಕ್ಕೂ ಹೆಚ್ಚು ಬಗೆಯವು. ಅವುಗಳಲ್ಲಿ ರೈನೋವೈರಸ್ ಗುಂಪಿನವೇ ಹೆಚ್ಚು. ಗಂಟಲು ಕೆರೆತ, ಸೀನು, ಸುರಿಯುವ ಮೂಗು ಹೀಗೆ ನೆಗಡಿ ನಿಧಾನವಾಗಿ ಆರಂಭವಾಗುತ್ತದೆ. ದೊಡ್ಡವರಲ್ಲಿ ಜ್ವರ ಬರುವುದು ಅಪರೂಪ. ಏಳರಿಂದ ಹತ್ತು ದಿನಗಳಲ್ಲಿ ತಾನಾಗಿಯೇ ಇಳಿಯುತ್ತದೆ. "ಔಷಧಿ ತೆಗೆದುಕೊಂಡರೆ ಒಂದು ವಾರ, ಇಲ್ಲದಿದ್ದರೆ ಏಳು ದಿನ" ಎಂಬ ನಮ್ಮವರ ಹಾಸ್ಯೋಕ್ತಿಯಲ್ಲಿ ನಿಜವೇ ಇದೆ.

ಫ್ಲೂ ಅಥವಾ ಇನ್‌ಫ್ಲುಯೆಂಜಾ ಬೇರೆಯೇ ವೈರಾಣುವಿನ ಕೆಲಸ. ಬೆಳಿಗ್ಗೆ ಚೆನ್ನಾಗಿದ್ದವರು ಸಂಜೆಗೆ ಹಾಸಿಗೆ ಹಿಡಿಯುತ್ತಾರೆ. ಚಳಿ ನಡುಕ, 101 ರಿಂದ 103 ಡಿಗ್ರಿ ಜ್ವರ, ಮೈಕೈ ನೋವು, ತಲೆನೋವು, ಒಣಕೆಮ್ಮು, ಏಳಲಾರದ ಸುಸ್ತು ಇದರ ಲಕ್ಷಣಗಳು. ಜ್ವರ ಸಾಮಾನ್ಯವಾಗಿ ಮೂರರಿಂದ ಐದು ದಿನಗಳಲ್ಲಿ ಇಳಿದರೂ ಕೆಮ್ಮು ಮತ್ತು ನಿಶ್ಶಕ್ತಿ ಎರಡು ಮೂರು ವಾರ ಉಳಿಯಬಹುದು. ಸೋಂಕು ತಗಲಿದವರು ಲಕ್ಷಣ ಕಾಣುವ ಒಂದು ದಿನ ಮೊದಲೇ ಇತರರಿಗೆ ಹರಡತೊಡಗುತ್ತಾರೆ. ಅನಂತರವೂ ಐದರಿಂದ ಏಳು ದಿನ ಹರಡುತ್ತಾರೆ. ಕೋವಿಡ್ ಕೂಡ ಇದೇ ವೇಷದಲ್ಲಿ ಬರುವುದರಿಂದ ಪರೀಕ್ಷೆಯಿಲ್ಲದೆ ಎರಡನ್ನೂ ಬೇರ್ಪಡಿಸಿ ಹೇಳುವುದು ಕಷ್ಟ.

ಹಗುರವಾಗಿ ಕಾಣಬಾರದೇಕೆ?

1918 ರ ಜೂನ್ ತಿಂಗಳಲ್ಲಿ ಮುಂಬಯಿ ಬಂದರಿನ ಮೂಲಕ ಭಾರತಕ್ಕೆ ಕಾಲಿಟ್ಟ ಇನ್‌ಫ್ಲುಯೆಂಜಾ ರೈಲು ಮಾರ್ಗಗಳ ಜೊತೆಯಲ್ಲೇ ದೇಶವನ್ನೆಲ್ಲ ವ್ಯಾಪಿಸಿ ಒಂದು ಕೋಟಿಗೂ ಹೆಚ್ಚು ಜನರನ್ನು ಬಲಿ ತೆಗೆದುಕೊಂಡಿತು. ನಮ್ಮ ಕಾಲಕ್ಕೆ ಬಂದರೆ, ಹಂದಿಜ್ವರವೆಂದು ಹೆಸರಾದ ಎಚ್1ಎನ್1 2009 ರಲ್ಲಿ ಜಗತ್ತಿನಾದ್ಯಂತ ಹಬ್ಬಿತು. 2015 ರ ಆರಂಭದಲ್ಲಿ ಅದು ಗುಜರಾತನ್ನು ವಿಶೇಷವಾಗಿ ಕಾಡಿತು. ರಾಜ್ಯದಲ್ಲಿ 400 ಕ್ಕೂ ಹೆಚ್ಚು ಮಂದಿ ತೀರಿಕೊಂಡರು. ಆ ಫೆಬ್ರವರಿಯಲ್ಲಿ ಅಹಮದಾಬಾದಿನಲ್ಲಿ ಸಾರ್ವಜನಿಕವಾಗಿ ಗುಂಪು ಸೇರುವುದನ್ನೇ ನಿರ್ಬಂಧಿಸಬೇಕಾಯಿತು. ಇಂದು ಅದೇ ವೈರಾಣು ಪ್ರತಿ ವರ್ಷ ಬಂದು ಹೋಗುವ ಸಾಮಾನ್ಯ ಫ್ಲೂ ಬಳಗದಲ್ಲಿ ಸೇರಿಕೊಂಡಿದೆ. ಅದರ ಸೋದರನಾದ ಎಚ್3ಎನ್2 ವೈರಾಣು 2023 ರ ಮಾರ್ಚ್‌ನಲ್ಲಿ ಸುದ್ದಿಯಾದಾಗ ದೇಶದಲ್ಲಿ ಮೊದಲು ವರದಿಯಾದ ಸಾವುಗಳಲ್ಲಿ ಒಂದು ನಮ್ಮ ಹಾಸನ ಜಿಲ್ಲೆಯದಾಗಿತ್ತು. ಮೃತರು ಎಂಬತ್ತು ದಾಟಿದ, ಮಧುಮೇಹ ಮತ್ತು ರಕ್ತದೊತ್ತಡವಿದ್ದ ಹಿರಿಯರು. ಆರೋಗ್ಯವಂತ ಯುವಕರಿಗೆ ಒಂದು ವಾರದ ತೊಂದರೆಯಾದುದು ಹಿರಿಯರಿಗೆ, ಗರ್ಭಿಣಿಯರಿಗೆ, ಎಳೆಯ ಮಕ್ಕಳಿಗೆ ಹಾಗೂ ಆಸ್ತಮಾ, ಹೃದ್ರೋಗ, ಮೂತ್ರಪಿಂಡದ ಕಾಯಿಲೆ ಇರುವವರಿಗೆ ನ್ಯುಮೋನಿಯಾ ಆಗಿ ತಿರುಗಬಲ್ಲದು.

ಮನೆಯಲ್ಲಿ ಮಾಡಬೇಕಾದುದು

ಮೊದಲ ಮದ್ದು ವಿಶ್ರಾಂತಿ. ಜ್ವರವಿದ್ದಾಗ ಪಾಳಿಯ ಕೆಲಸಕ್ಕೆ ಹೋಗುವುದರಿಂದ ರೋಗಿಗೂ ಕೇಡು, ಪಕ್ಕದಲ್ಲಿ ನಿಂತವರಿಗೂ ಕೇಡು. ಮಾತ್ರೆಯ ಸಹಾಯವಿಲ್ಲದೆ ಜ್ವರ ಇಳಿದು ಒಂದು ದಿನ ಕಳೆಯುವವರೆಗೆ ಮನೆಯಲ್ಲೇ ಇರುವುದು ಒಳಿತು.

ಎರಡನೆಯದು ನೀರು. ಬಿಸಿನೀರು, ಗಂಜಿ, ತಿಳಿಸಾರು, ಮಜ್ಜಿಗೆ, ಎಳನೀರು ಯಾವುದಾದರೂ ಸರಿ, ಸ್ವಲ್ಪ ಸ್ವಲ್ಪವಾಗಿ ಮೇಲಿಂದ ಮೇಲೆ ಕೊಡಬೇಕು. ಮೂತ್ರ ತಿಳಿಯಾಗಿ ಹೋಗುತ್ತಿದ್ದರೆ ನೀರು ಸಾಕಾಗಿದೆ ಎಂದು ತಿಳಿಯಬಹುದು. ಮಜ್ಜಿಗೆ ಅನ್ನ ಶೀತವೆಂದು ರೋಗಿಯನ್ನು ಉಪವಾಸ ಕೆಡವುವುದು ಬೇಡ, ಸೇರಿದ್ದನ್ನು ಉಣ್ಣಲಿ.

ಮೂರನೆಯದು ನಿಗಾ. ಒಂದು ಹಾಳೆಯಲ್ಲಿ ದಿನಕ್ಕೆ ಮೂರು ಬಾರಿ ಜ್ವರದ ಅಳತೆ, ಕೊಟ್ಟ ಮಾತ್ರೆ, ಕೊಟ್ಟ ಹೊತ್ತು ಇವನ್ನು ಬರೆದಿಡಿ. ಕೋವಿಡ್ ಕಾಲದಲ್ಲಿ ಕೊಂಡ ಆಕ್ಸಿಮೀಟರ್ ಮನೆಯಲ್ಲಿದ್ದರೆ ಅದನ್ನೂ ಬಳಸಿ. ನಾಳೆ ವೈದ್ಯರ ಬಳಿಗೆ ಹೋಗಬೇಕಾಗಿ ಬಂದರೆ ಈ ಒಂದು ಹಾಳೆ ಹತ್ತು ಮಾತುಗಳಿಗೆ ಸಮ.

ಮೂಗು ಕಟ್ಟಿದ್ದರೆ ಉಪ್ಪುನೀರಿನ ಮೂಗಿನ ಹನಿಗಳು, ಗಂಟಲು ನೋವಿಗೆ ಬೆಚ್ಚನೆಯ ಉಪ್ಪುನೀರಿನಿಂದ ಬಾಯಿ ಮುಕ್ಕಳಿಸುವುದು ಹಿತ. ಹಬೆ ತೆಗೆದುಕೊಂಡರೆ ಮೂಗು ಸ್ವಲ್ಪ ಹೊತ್ತು ಸಡಿಲವಾಗುತ್ತದೆ, ಆದರೆ ವೈರಾಣು ಸಾಯುವುದಿಲ್ಲ. ಕುದಿಯುವ ನೀರಿನ ಪಾತ್ರೆ ಮಗುಚಿ ಮಕ್ಕಳು ಸುಟ್ಟುಕೊಳ್ಳುವ ಅಪಾಯವಿರುವುದರಿಂದ ಚಿಕ್ಕ ಮಕ್ಕಳಿಗೆ ಹಬೆ ಬೇಡ.

ಅಡುಗೆಮನೆಯ ಮದ್ದು

ಕಷಾಯದ ಸಾಮಾನು ಇಲ್ಲಿಯ ಅಂಗಡಿಯಲ್ಲೂ ಸುಲಭವಾಗಿ ಸಿಗುತ್ತದೆ, ಹೆಸರು ಮಾತ್ರ ಬೇರೆ. ಒಣಶುಂಠಿಗೆ ಸೂಂಠ್, ಕಾಳುಮೆಣಸಿಗೆ ಮರಿ, ಕೊತ್ತಂಬರಿ ಬೀಜಕ್ಕೆ ಧಾಣಾ, ಬೆಲ್ಲಕ್ಕೆ ಗೋಳ್, ಅರಿಶಿನಕ್ಕೆ ಹಳದರ್, ಓಮಕ್ಕೆ ಅಜ್ಮೋ ಎಂದು ಕೇಳಬೇಕು. ನಮ್ಮ ದೊಡ್ಡಪತ್ರೆಯನ್ನು ಇಲ್ಲಿ ಅಜ್ಮಾದ ಎಲೆಯೆಂದು ಕರೆದು ಭಜಿಯಾ ಮಾಡುತ್ತಾರೆ. ನಮ್ಮ ಆಡುಸೋಗೆಯೇ ಇವರ ಅರಡೂಸಿ.

ಎರಡು ಲೋಟ ನೀರಿಗೆ ಎರಡು ಚಮಚ ಕೊತ್ತಂಬರಿ ಬೀಜ, ಒಂದು ಚಮಚ ಜೀರಿಗೆ, ಆರೇಳು ಕಾಳುಮೆಣಸು, ಚಿಟಿಕೆ ಒಣಶುಂಠಿ ಪುಡಿ ಹಾಕಿ, ಅರ್ಧಕ್ಕಿಳಿಯುವವರೆಗೆ ಕುದಿಸಿ ಸೋಸಿದರೆ ಕಷಾಯ ಸಿದ್ಧ. ಗುಜರಾತಿ ನೆರೆಯವರು ಹಿಟ್ಟನ್ನು ತುಪ್ಪದಲ್ಲಿ ಹುರಿದು, ಬೆಲ್ಲ ಮತ್ತು ಒಣಶುಂಠಿ ಸೇರಿಸಿ ಕಾಯಿಸುವ ರಾಬ್ ಕೂಡ ಬಾಯಿಗೆ ರುಚಿಯಿಲ್ಲದ ರೋಗಿಗೆ ಒಳ್ಳೆಯ ಆಹಾರ. ಇವು ಗಂಟಲಿಗೆ ಹಿತ ನೀಡಿ ದೇಹಕ್ಕೆ ದ್ರವ ಒದಗಿಸುತ್ತವೆ. ರೋಗವನ್ನು ಕಡಿದುಹಾಕುತ್ತವೆಂದು ನಂಬಿ ಚಿಕಿತ್ಸೆ ತಡಮಾಡಬಾರದು. ಮಧುಮೇಹಿಗಳಿಗೆ ಬೆಲ್ಲ ಬೇಡ. ಜೇಷ್ಠಮಧು ಹೆಚ್ಚಾದರೆ ರಕ್ತದೊತ್ತಡ ಏರುತ್ತದೆ. ಜೇನುತುಪ್ಪ ರಾತ್ರಿಯ ಕೆಮ್ಮನ್ನು ತಗ್ಗಿಸುತ್ತದೆ, ಆದರೆ ಒಂದು ವರ್ಷ ತುಂಬದ ಮಗುವಿಗೆ ಅದನ್ನು ನೆಕ್ಕಿಸಲೇಬಾರದು.

ಮಾತ್ರೆಗಳ ವಿಷಯದಲ್ಲಿ ಎಚ್ಚರ

ಜ್ವರ ಮತ್ತು ಮೈನೋವಿಗೆ ದೊಡ್ಡವರಿಗೆ 500 ಅಥವಾ 650 ಮಿಲಿಗ್ರಾಂ ಪ್ಯಾರಾಸಿಟಮಾಲ್ ಸಾಕು. ಎರಡು ಮಾತ್ರೆಗಳ ನಡುವೆ ಆರು ಗಂಟೆಯ ಅಂತರವಿರಲಿ. ನೆಗಡಿಗೆಂದು ಅಂಗಡಿಯಲ್ಲಿ ಸಿಗುವ ಬಹಳಷ್ಟು ಮಾತ್ರೆಗಳಲ್ಲಿ ಪ್ಯಾರಾಸಿಟಮಾಲ್ ಆಗಲೇ ಸೇರಿರುತ್ತದೆ. ಎರಡನ್ನೂ ನುಂಗಿದರೆ ಪ್ರಮಾಣ ಮೀರಿ ಯಕೃತ್ತಿಗೆ ಹಾನಿಯಾಗುತ್ತದೆ. ಯಕೃತ್ತಿನ ಕಾಯಿಲೆ ಇರುವವರು ವೈದ್ಯರನ್ನು ಕೇಳಿಯೇ ತೆಗೆದುಕೊಳ್ಳಬೇಕು.

ಆಂಟಿಬಯೋಟಿಕ್ ಔಷಧಿಗಳು ಬ್ಯಾಕ್ಟೀರಿಯಾಗಳನ್ನು ಕೊಲ್ಲುತ್ತವೆ, ನೆಗಡಿ ಮತ್ತು ಫ್ಲೂ ವೈರಾಣುಗಳ ಮೇಲೆ ಅವುಗಳ ಆಟ ನಡೆಯದು. ಕಳೆದ ಬಾರಿ ಉಳಿದ ಅಜಿತ್ರೊಮೈಸಿನ್ ಮಾತ್ರೆಯನ್ನು ಈ ಬಾರಿ ನುಂಗುವ ಅಭ್ಯಾಸ ನಮ್ಮ ಅನೇಕ ಮನೆಗಳಲ್ಲಿದೆ. 2023 ರ ಮಾರ್ಚ್‌ನಲ್ಲಿ ಭಾರತೀಯ ವೈದ್ಯಕೀಯ ಸಂಘವು ಇದೇ ಅಭ್ಯಾಸದ ವಿರುದ್ಧ ಎಚ್ಚರಿಕೆ ನೀಡಿತು. ಹೀಗೆ ಅಕಾರಣವಾಗಿ ಬಳಸಿದರೆ ನಿಜವಾಗಿ ಬೇಕಾದ ದಿನ ಔಷಧಿ ಕೆಲಸ ಮಾಡದೆ ಹೋಗುತ್ತದೆ. ಪಟ್ಟಿಯ ಮೇಲೆ ಕೆಂಪು ಗೆರೆಯಿರುವ ಮಾತ್ರೆಯನ್ನು ವೈದ್ಯರ ಚೀಟಿಯಿಲ್ಲದೆ ಕೊಳ್ಳಬೇಡಿ. ಫ್ಲೂ ವೈರಾಣುವಿಗೆಂದೇ ಇರುವ ಒಸೆಲ್ಟಾಮಿವಿರ್ ಮಾತ್ರೆ ಕಾಯಿಲೆ ಆರಂಭವಾದ 48 ಗಂಟೆಗಳೊಳಗೆ ಶುರುವಾದರೆ ಹೆಚ್ಚು ಫಲಕಾರಿ. ಆದುದರಿಂದ ವಯಸ್ಸಾದವರು, ಗರ್ಭಿಣಿಯರು, ದೀರ್ಘಕಾಲದ ಕಾಯಿಲೆಯವರು ಮೊದಲ ದಿನವೇ ವೈದ್ಯರನ್ನು ಕಾಣಬೇಕು.

ಮಕ್ಕಳ ವಿಷಯದಲ್ಲಿ ಇನ್ನಷ್ಟು ಜಾಗ್ರತೆ ಅಗತ್ಯ. 2025 ರಲ್ಲಿ ಮಧ್ಯಪ್ರದೇಶದ ಛಿಂದವಾಡಾದಲ್ಲಿ ಡೈಎಥಿಲೀನ್ ಗ್ಲೈಕಾಲ್ ಎಂಬ ವಿಷ ಬೆರೆತ ಕೆಮ್ಮಿನ ಸಿರಪ್ ಕುಡಿದು 20 ಕ್ಕೂ ಹೆಚ್ಚು ಮಕ್ಕಳು ಅಸುನೀಗಿದರು. ಎರಡು ವರ್ಷದೊಳಗಿನ ಮಕ್ಕಳಿಗೆ ಕೆಮ್ಮು ನೆಗಡಿಯ ಸಿರಪ್ ಬರೆಯಲೇಬಾರದು, ಐದು ವರ್ಷದೊಳಗಿನವರಿಗೂ ಸಾಮಾನ್ಯವಾಗಿ ಬೇಡ ಎಂದು ಕೇಂದ್ರ ಆರೋಗ್ಯ ಇಲಾಖೆ ಅದೇ ಅಕ್ಟೋಬರ್‌ನಲ್ಲಿ ಸಲಹೆ ನೀಡಿತು. ಮಕ್ಕಳ ಜ್ವರಕ್ಕೆ ಆಸ್ಪಿರಿನ್ ಸಲ್ಲದು. ಪ್ಯಾರಾಸಿಟಮಾಲ್ ಪ್ರಮಾಣ ಮಗುವಿನ ತೂಕಕ್ಕೆ ತಕ್ಕಂತೆ ವೈದ್ಯರೇ ನಿಗದಿಪಡಿಸಲಿ.

ಜ್ವರವೆಲ್ಲ ಫ್ಲೂ ಅಲ್ಲ

ಮಳೆಗಾಲದಲ್ಲೂ ಅದು ಮುಗಿದ ಮೇಲೂ ಬರುವ ಜ್ವರ ಡೆಂಗ್ಯೂ, ಮಲೇರಿಯಾ ಅಥವಾ ಚಿಕುನ್‌ಗುನ್ಯಾ ಆಗಿರಬಹುದು. ಮೂಗು ಸುರಿಯದೆ ಬರೀ ಜ್ವರ, ಕಣ್ಣಿನ ಹಿಂಭಾಗದ ನೋವು, ಮೈಮೇಲೆ ಗುಳ್ಳೆಗಳಿದ್ದರೆ ರಕ್ತಪರೀಕ್ಷೆ ಮಾಡಿಸಬೇಕು. ಡೆಂಗ್ಯೂ ಶಂಕೆಯಿದ್ದಾಗ ಆಸ್ಪಿರಿನ್, ಐಬುಪ್ರೊಫೆನ್ ಮಾತ್ರೆಗಳು ರಕ್ತಸ್ರಾವಕ್ಕೆ ದಾರಿಯಾಗುತ್ತವೆ. 2024 ರ ಆಗಸ್ಟ್‌ನಲ್ಲಿ ವಿಶ್ವಾಮಿತ್ರಿ ನದಿ ಉಕ್ಕಿ ವಡೋದರಾ ಜಲಾವೃತವಾದಂತಹ ಸಂದರ್ಭಗಳಲ್ಲಿ, ನೆರೆಯ ನೀರಿನಲ್ಲಿ ನಡೆದವರಿಗೆ ಜ್ವರ ಬಂದರೆ ಇಲಿಜ್ವರದ ಸಾಧ್ಯತೆಯನ್ನೂ ವೈದ್ಯರಿಗೆ ನೆನಪಿಸಬೇಕು. ಎರಡು ವಾರ ಮೀರಿದ ಕೆಮ್ಮಿಗೆ ಕ್ಷಯರೋಗದ ಪರೀಕ್ಷೆ ಆಗಬೇಕು. ಸರ್ಕಾರಿ ಆಸ್ಪತ್ರೆಗಳಲ್ಲಿ ಅದು ಉಚಿತ.

ಮನೆಯ ಆರೈಕೆ ಮುಗಿಯುವ ಗಡಿ

ಈ ಚಿಹ್ನೆಗಳಲ್ಲಿ ಒಂದು ಕಂಡರೂ ಕಾಯಬೇಡಿ:

- ಉಸಿರಾಟಕ್ಕೆ ಕಷ್ಟ, ಎದೆನೋವು, ತುಟಿ ನೀಲಿಗಟ್ಟುವುದು
- ಆಕ್ಸಿಮೀಟರ್ ಅಂಕಿ 94 ಕ್ಕಿಂತ ಕೆಳಗಿಳಿಯುವುದು
- ಮೂರು ದಿನ ಕಳೆದರೂ ಇಳಿಯದ ಜ್ವರ, ಅಥವಾ ಇಳಿದು ಮತ್ತೆ ಏರಿದ ಜ್ವರ
- ಹಿರಿಯರಲ್ಲಿ ಗೊಂದಲ, ಅತಿಯಾದ ಮಂಪರು, ತಿರುಗಿ ಬೀಳುವುದು (ಇವರಿಗೆ ಜ್ವರವಿಲ್ಲದೆಯೂ ನ್ಯುಮೋನಿಯಾ ಬರಬಹುದು)
- ಮಕ್ಕಳಲ್ಲಿ ವೇಗವಾದ ಉಸಿರು, ಪಕ್ಕೆ ಒಳಸೆಳೆತ, ಹಾಲು ನೀರು ಬಿಡುವುದು, ಬಹಳ ಹೊತ್ತು ಮೂತ್ರವಾಗದಿರುವುದು
- ಮೂರು ತಿಂಗಳೊಳಗಿನ ಶಿಶುವಿಗೆ ಬಂದ ಯಾವುದೇ ಜ್ವರ

ತುರ್ತು ವಾಹನಕ್ಕೆ ಗುಜರಾತಿನಲ್ಲೂ ಕರ್ನಾಟಕದಲ್ಲೂ ಸಂಖ್ಯೆ ಒಂದೇ: 108. ವಡೋದರಾದಲ್ಲಿ ಸರ್ ಸಯಾಜಿರಾವ್ ಜನರಲ್ ಆಸ್ಪತ್ರೆ ದೊಡ್ಡ ಸರ್ಕಾರಿ ಆಸ್ಪತ್ರೆ. ಕಾರ್ಖಾನೆಯ ನೌಕರರು ಇಎಸ್ಐ ಕಾರ್ಡನ್ನು ಮನೆಮಂದಿಯ ಕೈಗೆ ಸಿಗುವಲ್ಲಿ ಇಟ್ಟಿರಬೇಕು.

ಮನೆಯಲ್ಲಿ ಒಬ್ಬರೇ ಇರುವ ಹಿರಿಯರಿಗೆ ನಾಲ್ಕು ಗುಜರಾತಿ ಮಾತುಗಳನ್ನು ಕಲಿಸಿ, ದೊಡ್ಡ ಅಕ್ಷರದಲ್ಲಿ ಬರೆದು ಫೋನಿನ ಬಳಿ ಅಂಟಿಸಿ. ನೆಗಡಿಗೆ ಶರದಿ, ಕೆಮ್ಮಿಗೆ ಉಧರಸ್, ಜ್ವರಕ್ಕೆ ತಾವ್. "ಶ್ವಾಸ ಚಢೆ ಛೆ" ಎಂದರೆ ಉಸಿರು ಕಟ್ಟುತ್ತಿದೆ; "ಛಾತೀಮಾಂ ದುಖೆ ಛೆ" ಎಂದರೆ ಎದೆ ನೋಯುತ್ತಿದೆ. ಅದೇ ಹಾಳೆಯಲ್ಲಿ ಅವರ ನಿತ್ಯದ ಮಾತ್ರೆಗಳ ಹೆಸರು, ಪಕ್ಕದ ಮನೆಯವರ ದೂರವಾಣಿ ಸಂಖ್ಯೆಗಳೂ ಇರಲಿ.

ಬರುವ ಮುನ್ನ

ಕೆಮ್ಮುವಾಗ ಕರವಸ್ತ್ರ ಅಥವಾ ಮೊಣಕೈ ಅಡ್ಡ ಹಿಡಿಯುವುದು, ಸಾಬೂನಿನಿಂದ ಕೈತೊಳೆಯುವುದು, ಚಳಿಯೆಂದು ಕಿಟಕಿಗಳನ್ನೆಲ್ಲ ಮುಚ್ಚದೆ ಗಾಳಿಯಾಡಲು ಬಿಡುವುದು, ರೋಗಿಯೂ ಆರೈಕೆ ಮಾಡುವವರೂ ಮಾಸ್ಕ್ ಧರಿಸುವುದು ಎಲ್ಲರ ಕೈಲಾಗುವ ಕೆಲಸ. ಫ್ಲೂ ವೈರಾಣು ವೇಷ ಬದಲಿಸುತ್ತಿರುವುದರಿಂದ ಲಸಿಕೆಯನ್ನು ಪ್ರತಿ ವರ್ಷ ತೆಗೆದುಕೊಳ್ಳಬೇಕು. ರಕ್ಷಣೆ ಮೂಡಲು ಸುಮಾರು ಎರಡು ವಾರ ಹಿಡಿಯುತ್ತದೆ. ಭಾರತದಲ್ಲಿ ಫ್ಲೂ ಮಳೆಗಾಲದ ನಂತರ ಒಮ್ಮೆ, ಜನವರಿಯಿಂದ ಮಾರ್ಚ್‌ವರೆಗೆ ಇನ್ನೊಮ್ಮೆ ಏರುತ್ತದೆ. ಊರಿನಿಂದ ಹಿರಿಯರನ್ನು ಕರೆಸಿಕೊಳ್ಳುವ ಬಂಧುಗಳು ರೈಲಿನ ಟಿಕೆಟು ಕಾದಿರಿಸುವಾಗಲೇ ಅವರ ಲಸಿಕೆಯ ವಿಷಯವನ್ನು ಅಲ್ಲಿಯ ವೈದ್ಯರೊಂದಿಗೆ ಮಾತನಾಡಿಸಿದರೆ, ಅವರು ಇಲ್ಲಿಗೆ ಬಂದಿಳಿಯುವ ವೇಳೆಗೆ ರಕ್ಷಣೆಯೂ ಸಿದ್ಧವಾಗಿರುತ್ತದೆ.