ಒಲೆ ಬೇರೆ, ನಲ್ಲಿ ಒಂದು

ಹೋದ ಆಷಾಢದಲ್ಲಿ ಮೂರು ದಿನ ಜ್ವರ ಬಂದು ಮಲಗಿದ್ದೆ. ಅದು ಮೊದಲು ಗೊತ್ತಾಗಿದ್ದು ಹಾಲಿನ ಹುಡುಗನಿಗೆ. ಬಾಗಿಲಿಗೆ ನೇತುಹಾಕಿದ್ದ ಚೀಲದಲ್ಲಿ ಹಿಂದಿನ ದಿನದ ಪ್ಯಾಕೆಟ್ ಹಾಗೇ ಇತ್ತಲ್ಲ, ಅದಕ್ಕೆ. ನನಗೀಗ ನಲವತ್ತೇಳು. ಹನುಮಂತನಗರದಲ್ಲಿ ಒಂದು ಬೆಡ್‌ರೂಮಿನ ಬಾಡಿಗೆ ಮನೆ, ನಾನೊಬ್ಬಳೇ. ವಿಷಯ ತಿಳಿದ ಹಾಸ್ಟೆಲ್ ದಿನಗಳ ಗೆಳತಿ ಫೋನಿನಲ್ಲಿ ಚೆನ್ನಾಗಿ ಬೈದಳು. ಆಮೇಲೆ, "ನಾನು, ನಮ್ಮ ಅತ್ತಿಗೆ, ನೀನು... ಮೂವರೂ ಸೇರಿ ಒಂದು ದೊಡ್ಡ ಮನೆ ಹಿಡಿಯೋಣ ಬಾರೇ" ಅಂದಳು.

ಬೇಡ ಕಣೇ ಅಂದುಬಿಟ್ಟೆ. ಯಾಕೆ ಅಂದರೆ ನಾನು ವಠಾರದಲ್ಲಿ ಬೆಳೆದವಳು.

ಚಾಮರಾಜಪೇಟೆಯ ವಠಾರ ಅದು. ಎಂಟು ಮನೆ, ಒಂದು ನಲ್ಲಿ, ಹಿತ್ತಲಲ್ಲಿ ಎರಡು ಕಕ್ಕಸು, ಎಲ್ಲರಿಗೂ ಸೇರಿ ಒಂದೇ ಕರೆಂಟ್ ಮೀಟರು. ಬೆಳಗಿನ ಜಾವ ನಾಲ್ಕಕ್ಕೇ ಕೊಡಗಳ ಸಾಲು. ರಾತ್ರಿ ಹತ್ತಾದರೆ ಮಾಲೀಕರು ಮೇನ್ ಸ್ವಿಚ್ ಆರಿಸಿಬಿಡೋರು. ಯಾರ ಮನೆಗೆ ಯಾರು ಬಂದರು, ಯಾವ ಸೊಸೆ ಮುನಿಸಿಕೊಂಡು ಹೊರಟಳು, ಎಲ್ಲಾ ಎಲ್ಲರಿಗೂ ಗೊತ್ತು. ಹಾಗಂತ ಜ್ವರ ಬಂದರೆ ಗಂಟೆಯೊಳಗೆ ಮೂರು ಮನೆಯಿಂದ ಮೂರು ಥರದ ಕಷಾಯ ಬರುತ್ತಿತ್ತು, ಅದೂ ನಿಜ.

ಇಷ್ಟೆಲ್ಲ ಹಂಚಿಕೊಂಡ ನಾವು ಒಂದನ್ನು ಮಾತ್ರ ಯಾವತ್ತೂ ಹಂಚಿಕೊಳ್ಳಲಿಲ್ಲ. ಅಡುಗೆಮನೆ! ಮಡಿ, ಮೈಲಿಗೆ, ಜಾತಿ ಎಲ್ಲವೂ ಆ ಹೊಸಿಲಲ್ಲಿ ಕಾವಲು ನಿಂತಿದ್ದವು. ಸಾರಿನ ಘಮ ಗೋಡೆ ದಾಟಬಹುದು, ಸೌಟು ದಾಟುವಂತಿಲ್ಲ. ಅಣ್ಣತಮ್ಮಂದಿರು ಪಾಲಾದರೂ ನಾವು ಹೇಳುವುದು 'ಒಲೆ ಬೇರೆ ಮಾಡಿಕೊಂಡರು' ಅಂತಲೇ ಅಲ್ಲವೇ?

ಬೇಡ ಅಂದಮೇಲೂ ಮಾತು ತಲೆಯಿಂದ ಹೋಗಲಿಲ್ಲ. ಮದುವೆ, ರಕ್ತಸಂಬಂಧ ಏನೂ ಇಲ್ಲದೆ ಒಟ್ಟಿಗೆ ಬದುಕಿದವರು ಎಲ್ಲಾದರೂ ಇದ್ದಾರಾ ಅಂತ ಹುಡುಕುತ್ತಾ ಕೂತೆ. ಆಶ್ರಮ, ಮಠ, ಕಾನ್ವೆಂಟು ಬಿಡಿ, ಅಷ್ಟು ಭಕ್ತಿ ನನಗಿಲ್ಲ :-) ನನ್ನಂಥವರ ಕಥೆ ಸಿಕ್ಕಿದ್ದು ಸ್ವೀಡನ್ನಿನ ಸ್ಟಾಕ್‌ಹೋಮಿನಲ್ಲಿ.

ಅಲ್ಲಿ 1932ರಲ್ಲಿ ಆಲ್ವಾ ಮಿರ್ಡಾಲ್ ಎಂಬಾಕೆ ಒಂದು ಲೇಖನ ಬರೆದರು. ಒಂದೇ ಕಟ್ಟಡದ ಒಂದೊಂದು ಮನೆಯಲ್ಲೂ ಒಬ್ಬೊಬ್ಬ ಹೆಂಗಸು ಪ್ರತ್ಯೇಕವಾಗಿ ಒಲೆ ಮುಂದೆ ಬೇಯುವುದೇಕೆ, ಅಡುಗೆಯನ್ನೂ ಮಕ್ಕಳ ಆರೈಕೆಯನ್ನೂ ಒಂದು ಕಡೆ ಸೇರಿಸಿದರೆ ಅವರೂ ಹೊರಗೆ ದುಡಿಯಬಹುದಲ್ಲ ಅನ್ನುವುದು ಅವರ ವಾದ. (ಮುಂದೆ 1955ರಿಂದ 1961ರವರೆಗೆ ದೆಹಲಿಯಲ್ಲಿ ಸ್ವೀಡನ್ನಿನ ಪ್ರತಿನಿಧಿಯಾಗಿದ್ದವರು, 1982ರಲ್ಲಿ ನೊಬೆಲ್ ಶಾಂತಿ ಪ್ರಶಸ್ತಿಯಲ್ಲಿ ಪಾಲು ಪಡೆದವರು ಇವರೇ.) ವಾಸ್ತುಶಿಲ್ಪಿ ಸ್ವೆನ್ ಮಾರ್ಕೇಲಿಯಸ್ 1935ರಲ್ಲಿ ಅಂಥದ್ದೊಂದು ಮನೆ ಕಟ್ಟಿಯೇಬಿಟ್ಟ. ಐವತ್ತಕ್ಕೂ ಹೆಚ್ಚು ಪುಟ್ಟ ಫ್ಲಾಟುಗಳು, ಕೆಳಗೆ ಒಂದು ಹೋಟೆಲು, ಶಿಶುವಿಹಾರ. ಊಟ ಬೇಕೆಂದರೆ ಪುಟಾಣಿ ಲಿಫ್ಟಿನಲ್ಲಿ ನೇರ ಮೇಲಿನ ಮನೆಗೆ ಬರುತ್ತಿತ್ತು! ಮಾರ್ಕೇಲಿಯಸ್ ತಾನೂ ಅಲ್ಲೇ ವಾಸಕ್ಕೆ ಹೋದ. ಆಲ್ವಾ ಮಾತ್ರ ಗಂಡ ಮಕ್ಕಳ ಜೊತೆ ಬೇರೆ ಬಂಗಲೆಯಲ್ಲಿದ್ದರು. ಅದನ್ನು ವಿನ್ಯಾಸ ಮಾಡಿಕೊಟ್ಟವನೂ ಮಾರ್ಕೇಲಿಯಸ್ಸೇ :-)

ಆದರೆ ಆ ಮನೆಯಲ್ಲಿ ಅಡುಗೆ ಮಾಡುತ್ತಿದ್ದವರು ಸಂಬಳದವರು. ಒಲೆ ಒಂದಾಗಿರಲಿಲ್ಲ, ಬೇರೆಯವರ ತಲೆಗೆ ದಾಟಿತ್ತು, ಅಷ್ಟೇ. ಸಂಬಳ ಏರಿದ ಹಾಗೆ ಇಂಥ ಮನೆಗಳ ಹೋಟೆಲುಗಳು ನಷ್ಟಕ್ಕೆ ಬಿದ್ದವು. ಹೆಸ್ಸೆಲ್‌ಬಿ ಎಂಬಲ್ಲಿನ ಇಂಥದ್ದೇ ದೊಡ್ಡ ಮನೆಯಲ್ಲಿ 1970ರ ದಶಕದ ನಡುವೆ ಹೋಟೆಲು ನಿಲ್ಲುವ ಹೊತ್ತಿಗೆ, ಬಾಡಿಗೆದಾರರೇ ಸೌಟು ಹಿಡಿದು ಅಡುಗೆಗೆ ಇಳಿದರು. ನನಗೆ ಈ ಇಡೀ ಚರಿತ್ರೆಯಲ್ಲಿ ಬಹಳ ಇಷ್ಟವಾದ ಘಟ್ಟ ಇದು. ಆಗ ಗೊತ್ತಾಗಿದ್ದು, ಜನರನ್ನು ಹತ್ತಿರ ತಂದದ್ದು ಬಿಸಿ ಊಟಕ್ಕಿಂತ ಹೆಚ್ಚಾಗಿ ಜೊತೆಗೆ ಕೂತು ಈರುಳ್ಳಿ ಹೆಚ್ಚುವುದು ಅಂತ.

ಅದೇ ದಶಕದ ಕೊನೆಗೆ ಕೆಲವು ಹೆಂಗಸರು ಗುಂಪು ಕಟ್ಟಿಕೊಂಡು, ಚಾಕರಿಯವರಿಲ್ಲದ, ಎಲ್ಲರೂ ಸರದಿಯಲ್ಲಿ ದುಡಿಯುವ ಮನೆಯ ಕಲ್ಪನೆಯನ್ನು ಬೆಳೆಸಿದರು. ಅದೇ ದಾರಿಯಲ್ಲಿ 1993ರಲ್ಲಿ ಸ್ಟಾಕ್‌ಹೋಮಿನಲ್ಲಿ ಫಾರ್ಡ್‌ಕ್ನೆಪ್ಪೆನ್ ಎಂಬ ಮನೆ ಎದ್ದಿತು. ಇದು ಬದುಕಿನ ಎರಡನೇ ಅರ್ಧದವರಿಗೆಂದೇ ಕಟ್ಟಿದ್ದು. ನಲವತ್ತು ದಾಟಿರಬೇಕು, ಮನೆಯಲ್ಲಿ ಮಕ್ಕಳಿರಬಾರದು. 43 ಫ್ಲಾಟುಗಳು. ಪ್ರತಿಯೊಂದಕ್ಕೂ ಸ್ವಂತ ಬಚ್ಚಲು, ಸ್ವಂತ ಅಡುಗೆಮನೆ, ಚಿಲಕವಿರುವ ಬಾಗಿಲು. ಕೆಳಗೆ ಎಲ್ಲರದ್ದೂ ಆದ ಒಂದು ದೊಡ್ಡ ಅಡುಗೆಮನೆ. ವಾರದ ದಿನಗಳಲ್ಲಿ ರಾತ್ರಿಯೂಟ ಸರದಿಯವರು ಮಾಡುತ್ತಾರೆ, ಬೇಕಾದವರು ಇಳಿದು ಬರುತ್ತಾರೆ. ಸರದಿಯಿಂದ ತಪ್ಪಿಸಿಕೊಳ್ಳುವ ಹಾಗಿಲ್ಲ, ಊಟಕ್ಕೆ ಬರಲೇಬೇಕೆಂಬ ಬಲವಂತವೂ ಇಲ್ಲ.

ಓದುತ್ತಾ ನಗು ಬಂತು. ನಮ್ಮ ವಠಾರದಲ್ಲಿ ಒಲೆ ಬೇರೆ, ನಲ್ಲಿ ಒಂದು. ಅಲ್ಲಿ ನಲ್ಲಿ ಬೇರೆ, ಒಲೆ ಒಂದು. ನಾನು ಇಷ್ಟು ವರ್ಷ ಹೆದರಿದ್ದು ಜೊತೆಗಿರುವುದಕ್ಕೋ, ಬಕೆಟ್ ಹಿಡಿದು ಕಕ್ಕಸಿನ ಮುಂದೆ ಕಾಯುವುದಕ್ಕೋ?

ಇನ್ನೊಂದು ವ್ಯತ್ಯಾಸವನ್ನೂ ಮರೆಯುವ ಹಾಗಿಲ್ಲ. ಫಾರ್ಡ್‌ಕ್ನೆಪ್ಪೆನ್ನಿನ ಮಾಲೀಕ ನಗರಸಭೆಯ ವಸತಿ ಸಂಸ್ಥೆ. ನಮ್ಮ ಗೆಳತಿ ನೋಡಿಬಂದ ಮೊದಲ ಮನೆಯ ಯಜಮಾನರೋ, "ಮೂರು ಜನ ಹೆಂಗಸರು, ನಿಮ್ಮನಿಮ್ಮಲ್ಲಿ ಸಂಬಂಧ ಏನಮ್ಮಾ?" ಅಂತ ಕೇಳಿದರಂತೆ. ನಾದಿನಿ-ಅತ್ತಿಗೆ ಅಂದರೆ ತಲೆಯಾಡಿಸಿದರಂತೆ, ಸ್ನೇಹಿತೆ ಅಂದದ್ದಕ್ಕೆ "ಮನೇಲಿ ಕೇಳಿ ಹೇಳ್ತೀನಿ" ಅಂದವರು ಆಮೇಲೆ ಫೋನ್ ಎತ್ತಲೇ ಇಲ್ಲ.

ಮೊನ್ನೆ ರಾತ್ರಿ ನಾನೇ ಅವಳಿಗೆ ಫೋನ್ ಮಾಡಿದೆ. "ಮೂರು ಬಚ್ಚಲು ಇರೋ ಮನೆ ಸಿಕ್ಕರೆ ಬರ್ತೀನಿ. ವಾರಕ್ಕೆ ನಾಲ್ಕು ರಾತ್ರಿ ಒಟ್ಟಿಗೆ ಅಡುಗೆ, ಸರದಿ ಬರೆದು ಗೋಡೆಗೆ ಅಂಟಿಸಬೇಕು. ಮಿಕ್ಕ ದಿನ ನನ್ನ ಪಾಡಿಗೆ ನನ್ನನ್ನ ಬಿಡಬೇಕು. ನನ್ನ ರೂಮಲ್ಲಿ ನನ್ನದೇ ಒಂದು ಒಲೆ ಇರುತ್ತೆ" ಅಂದೆ.

"ಗ್ಯಾಸ್ ಎರಡೆರಡು ಎಲ್ಲಿಂದ ತರ್ತೀಯೇ? ಇಂಡಕ್ಷನ್ ಇಟ್ಕೋ" ಅಂದಳು. ಒಂದು ಕ್ಷಣ ಬಿಟ್ಟು, "ನಮ್ಮ ಅತ್ತಿಗೆ ಬೆಳ್ಳುಳ್ಳಿ ತಿನ್ನಲ್ಲ, ಈಗಲೇ ಹೇಳಿದೀನಿ" ಅಂತಲೂ ಸೇರಿಸಿದಳು.

ಭಾನುವಾರ ಕತ್ರಿಗುಪ್ಪೆಯಲ್ಲಿ ಒಂದು ಮನೆ ನೋಡಲು ಹೋಗುತ್ತಿದ್ದೇವೆ. ಬಚ್ಚಲು ಎರಡೇ ಇವೆಯಂತೆ...